ಸರ್ವೆ ನಂಬರ್ 84ರ ತಕರಾರುದಾರರು

ನವೆಂಬರ್ 17, ಸೋಮವಾರ, ಬೆಳಿಗ್ಗೆ 10.20ಕ್ಕೆ ಸ್ವರೂಪ್ ಠಾಣೆಗೆ ಬಂದ. ಆತಗೂರು ಕಡೆ ಇಟ್ಟಿಗೆ ಫ್ಯಾಕ್ಟರಿ ನಡೆಸುವವನು, ಈಗ ಅಲ್ಲೇ ಮೂರು ಎಕರೆ ಕೊಂಡು ಲೇಔಟ್ ಮಾಡಲು ಹೊರಟಿದ್ದ. ಕಂಕುಳಲ್ಲಿ ದಪ್ಪನೆಯ ಫೈಲು, ಕಣ್ಣಲ್ಲಿ ನಿದ್ದೆಗೆಟ್ಟ ಕೆಂಪು.

"ಮೇಡಂ, ನನ್ನ ಲೇಔಟಿಗೆ ಸತ್ತೋರು ತಕರಾರು ಹಾಕವ್ರೆ."

ಹೆಡ್ ಕಾನ್‌ಸ್ಟೆಬಲ್ ಪುಟ್ಟರಾಜು ಬರೆಯುವುದನ್ನು ನಿಲ್ಲಿಸಿದ. "ಎಷ್ಟು ಜನ?"

"ಹತ್ತೊಂಬತ್ತು."

"ಒಬ್ರಾಗಿದ್ರೆ ಮಂತ್ರ ಹಾಕೋರ ಹತ್ರ ಕಳಿಸಬಹುದಿತ್ತು. ಇಷ್ಟೊಂದು ಜನಕ್ಕೆ ಎಫ್‌ಐಆರೇ ಆಗಬೇಕು."

ಸಬ್ ಇನ್‌ಸ್ಪೆಕ್ಟರ್ ವನಜಾ ಅವನತ್ತ ಒಮ್ಮೆ ನೋಡಿದಳು. ಪುಟ್ಟರಾಜು ಮತ್ತೆ ಪೆನ್ನು ಹಿಡಿದ.

ಸ್ವರೂಪ್ ಹೇಳಿದ್ದು ಇಷ್ಟು. ಸರ್ವೆ ನಂಬರ್ 84ರ ಲೇಔಟ್ ನಕ್ಷೆ ಮಂಡ್ಯದ ನಗರ ಯೋಜನೆ ಕಚೇರಿಯಲ್ಲಿ ಮಂಜೂರಾತಿಗೆ ಕೂತಿದೆ. ತಕರಾರಿದ್ದರೆ ಮೂವತ್ತು ದಿನದೊಳಗೆ ಸಲ್ಲಿಸಿ ಎಂದು ಕಚೇರಿಯವರು ಪ್ರಕಟಣೆ ಹೊರಡಿಸಿದ್ದರು. ಇಪ್ಪತ್ತೆಂಟನೇ ದಿನ ರಿಜಿಸ್ಟರ್ ಅಂಚೆಯಲ್ಲಿ ಹತ್ತೊಂಬತ್ತು ಅರ್ಜಿ ಬಂದವು. ವಿಚಾರಣೆಗೆ ಬನ್ನಿ ಎಂದು ಅರ್ಜಿದಾರರಿಗೆ ನೋಟಿಸು ಹೋಯಿತು. ಹತ್ತೊಂಬತ್ತೂ ವಾಪಸು ಬಂದವು. ಪ್ರತಿಯೊಂದರ ಮೇಲೂ ಪೋಸ್ಟ್‌ಮ್ಯಾನ್ ಒಂದೇ ಮಾತು ಬರೆದಿದ್ದ: ವಿಳಾಸದಾರರು ಮೃತ.

"ಶುಕ್ರವಾರ ಹನ್ನೊಂದು ಗಂಟೆಗೆ ವಿಚಾರಣೆ. ಇವು ಸುಳ್ಳು ಅರ್ಜಿ ಅಂತ ಅಷ್ಟರಲ್ಲಿ ಸಾಬೀತಾದ್ರೆ ನಕ್ಷೆ ಪಾಸಾಗುತ್ತೆ. ಶನಿವಾರ ಜೆಸಿಬಿ ಬಿಡ್ತೀನಿ."

ಭಾರತೀಯ ನ್ಯಾಯ ಸಂಹಿತೆಯ 319(2) ಮತ್ತು 336(3)ರಡಿ ಎಫ್‌ಐಆರ್ ದಾಖಲಾಯಿತು. ಬೇರೆಯವರಂತೆ ನಟಿಸಿ ವಂಚನೆ, ದಾಖಲೆ ಸೃಷ್ಟಿ. ಸ್ವರೂಪ್ ಹೋದ ಮೇಲೆ ವನಜಾ ಅರ್ಜಿಗಳನ್ನು ಮೇಜಿನ ಮೇಲೆ ಹರಡಿಕೊಂಡಳು. ಎಲ್ಲವೂ ಒಂದೇ ಕೈಬರಹ, ಸಾಲು ತಪ್ಪದ ದುಂಡು ಅಕ್ಷರ. ಕೆಳಗೆ ನೀಲಿ ಶಾಯಿಯ ಹೆಬ್ಬೆಟ್ಟು. ಮೊದಲನೆಯದನ್ನು ಓದಿದಳು.

"ಕೆಂಪಸಿದ್ದಯ್ಯ ಬಿನ್ ಲಿಂಗಯ್ಯ ಆದ ನಾನು ಸರ್ವೆ ನಂ. 84ರ ತೆಂಕಲ ಮೂಲೆಯಲ್ಲಿ, ಹೊಂಗೆ ಮರದಿಂದ ಎಂಟು ಹೆಜ್ಜೆ ಮೂಡಲಿಗೆ, ಹದಿನಾಲ್ಕು ವರ್ಷದಿಂದ ವಾಸವಾಗಿದ್ದೇನೆ. ನನ್ನ ಮೇಲೆ ಮನೆ ಕಟ್ಟಲು ಲೈಸೆನ್ಸು ಕೊಡಬಾರದಾಗಿ ಕೋರುತ್ತೇನೆ."

ಎರಡನೆಯದು ಅವನ ಹೆಂಡತಿಯದು. ಗಂಡನ ಪಕ್ಕ, ಆರು ವರ್ಷದಿಂದ.

ವನಜಾಗೆ ಕೂರಲಾಗಲಿಲ್ಲ. ಮಂಡ್ಯದಲ್ಲಿ ತನ್ನ ಮನೆಯ ಲೈಸೆನ್ಸಿಗೆ ಮೂರು ತಿಂಗಳು ಅಲೆದಿದ್ದ ಅವಳಿಗೆ ನಕ್ಷೆ ಓದಲು ಬರುತ್ತಿತ್ತು. ಫೈಲಿನಿಂದ ಲೇಔಟಿನ ನಕ್ಷೆ ಬಿಡಿಸಿದಳು. ನಿಯಮದಂತೆ ಪಾರ್ಕಿಗೆ ಬಿಟ್ಟ ಜಾಗ ಪಡುವಲ ಬದಿಯ ತಗ್ಗಿನಲ್ಲಿತ್ತು. ತೆಂಕಲ ಮೂಲೆ ರಸ್ತೆಗೆ ಹತ್ತಿರ. ಅಲ್ಲಿ 41ರಿಂದ 46ನೇ ನಂಬರಿನ ಸೈಟುಗಳು. ಜಾಗದ ಈಗಿನ ಸ್ಥಿತಿ ಎಂಬಲ್ಲಿ ಸ್ವರೂಪ್ ಇಟ್ಟುಕೊಂಡಿದ್ದ ಖಾಸಗಿ ಸರ್ವೆಯವನು 'ಖಾಲಿ' ಎಂದು ಬರೆದಿದ್ದ.

"ಪುಟ್ಟರಾಜು, ಜೀಪ್ ತೆಗೆಸಿ."

ಮಧ್ಯಾಹ್ನ 2.30. ತೆಂಕಲ ಮೂಲೆಯಲ್ಲಿ ಆಳೆತ್ತರ ಲಾಂಟಾನ ಬೆಳೆದಿತ್ತು. ಒಳಗೆ ನುಗ್ಗಿದ ಪುಟ್ಟರಾಜು ಐದೇ ನಿಮಿಷದಲ್ಲಿ ಹೊರಗೆ ಬಂದು, ಬೂಟು ಬಿಚ್ಚಿಟ್ಟು, ಬರಿಗಾಲಲ್ಲಿ ಮತ್ತೆ ಹೋದ. 

ರಸ್ತೆಯಾಚೆಯೇ ಕಾಲೋನಿ. ಅರವತ್ತು ಮನೆ. ಅರ್ಜಿಯಲ್ಲಿದ್ದ ಹೆಸರುಗಳೆಲ್ಲ ಅಲ್ಲಿಯವರಿಗೆ ಗೊತ್ತು, ಬರೆದದ್ದು ಯಾರೆಂದು ಮಾತ್ರ ಒಬ್ಬರಿಗೂ ಗೊತ್ತಿಲ್ಲ. ನಲ್ಲಿ ಹತ್ತಿರ ಪಾತ್ರೆ ಉಜ್ಜುತ್ತಿದ್ದ ಯಶೋದಮ್ಮ ತಲೆ ಎತ್ತದೆ ಹೇಳಿದಳು.

"ದೇವಿರಮ್ಮ ನಮ್ಮತ್ತೆ. ಸತ್ತು ಒಂಬತ್ತು ವರ್ಸ ಆಯ್ತು. ಬದುಕಿದ್ದಾಗ ಸೊಸೆ ಮೇಲೆ ತಕರಾರು ತಗ್ದೂ ತಗ್ದೂ ಸಾಕಾಗಿತ್ತು, ಈಗ ಸರ್ಕಾರದ ಮೇಲೆ ಸುರು ಅಚ್ಕಂಡವ್ಳಾ?"

"ಆ ಮೂಲೆಲಿ ಹೂಳ್ತಿದ್ರಾ?"

ಉಜ್ಜುವ ಕೈ ನಿಂತಿತು. "ನನ್ ಮಗ ಸ್ವರೂಪಣ್ಣನ ಫ್ಯಾಕ್ಟ್ರಿ ಲಾರಿ ಓಡುಸ್ತಾನೆ ಕಣಮ್ಮ. ನನ್ನ ಬುಟ್ಬುಡಿ."

ಆಮೇಲೆ ಲೆಕ್ಕ ಹಾಕಿ ನೋಡಿದರೆ, ಅರವತ್ತರಲ್ಲಿ ನಲವತ್ತು ಮನೆಯವರಿಗೆ ಕೆಲಸ ಅದೇ ಫ್ಯಾಕ್ಟರಿಯಲ್ಲಿ.

ಮಂಗಳವಾರ ಬೆಳಿಗ್ಗೆ ಪುಟ್ಟರಾಜು ಅರ್ಜಿಗಳನ್ನು ಮಂಡ್ಯದ ಬೆರಳಚ್ಚು ಘಟಕಕ್ಕೆ ಮುಟ್ಟಿಸಿದ. ಸಂಜೆ 4.10ಕ್ಕೆ ಅಲ್ಲಿಯ ತಜ್ಞೆ ಶ್ವೇತ ಫೋನು ಮಾಡಿದಳು.

"ಮೇಡಂ, ಹತ್ತೊಂಬತ್ತೂ ಬೇರೆ ಬೇರೆ."

"ಅಂದ್ರೆ ಹತ್ತೊಂಬತ್ತು ಜನ ಹಾಕಿದಾರಾ?"

"ಅಲ್ಲ. ಇವೆಲ್ಲ ಹೆಬ್ಬೆಟ್ಟಲ್ಲ. ಹೆಬ್ಬೆಟ್ಟು ನಾಲ್ಕೇ. ಉಳಿದದ್ದು ತೋರುಬೆರಳು, ನಡುಬೆರಳು, ಉಂಗುರದ ಬೆರಳು, ಕಿರುಬೆರಳು. ಒಂದಷ್ಟರ ಗೆರೆ ಸಣ್ಣ, ಹೆಂಗಸಿನ ಕೈ ಇರಬೇಕು. ಅವು ಹತ್ತು. ಇನ್ನೊಂದಷ್ಟು ಗೆರೆ ಸವೆದಿವೆ, ಸುಟ್ಟ ಕಲೆ ಇದೆ, ಅಗಲ. ಅವು ಒಂಬತ್ತು. ಬರೀ ಅಂದಾಜು, ಆರೋಪಿಗಳ ಬೆರಳು ಸಿಗೋವರೆಗೆ ಬರೆದು ಕೊಡಕ್ಕಾಗಲ್ಲ."

ವನಜಾ ತನ್ನ ಎರಡೂ ಕೈ ಮೇಜಿನ ಮೇಲಿಟ್ಟು ನೋಡಿಕೊಂಡಳು. ಇಬ್ಬರು. ಒಬ್ಬೊಬ್ಬ ಸತ್ತವರಿಗೆ ಒಂದೊಂದು ಬೆರಳು. ಬೆರಳು ಮುಗಿದಲ್ಲಿಗೆ ಅರ್ಜಿಯೂ ಮುಗಿದಿದೆ.

"ಒಂಬತ್ತು ಯಾಕೆ?" ಎಂದಳು ಪುಟ್ಟರಾಜುವಿಗೆ.

"ಈ ಸೀಮೆಲಿ ಒಂದು ಬೆಳ್ಳು ಕಮ್ಮಿ ಅಂದ್ರೆ ಆಲೆಮನೆ ಗಾಣಕ್ಕೆ ಕಬ್ಬು ಕೊಡೋನು ಮೇಡಂ. ಬೆಲ್ಲದ ಜೊತೆ ಅದೂ ಹೋಗಿರುತ್ತೆ."

ತನಿಖೆ ಮುಂದೆ ಸಾಗಿದಷ್ಟೂ ಅವಳಿಗೆ ತಳಮಳ ಹೆಚ್ಚಾಯಿತು. ತಾನು ಬೇಗ ಹಿಡಿದರೆ ಶನಿವಾರ ಜೆಸಿಬಿ ಬರುತ್ತದೆ. ಹಿಡಿಯದಿದ್ದರೆ ಕೆಲಸಗೇಡಿ. ಸರ್ಕಲ್ ಇನ್‌ಸ್ಪೆಕ್ಟರ್ ಎರಡು ಸಲ ಫೋನು ಮಾಡಿದ್ದರು. "ಶುಕ್ರವಾರಕ್ಕೆ ಮುಂಚೆ ಅರೆಸ್ಟ್ ಆಗಲಿ. ಇದೇನು ಕೊಲೆ ಕೇಸಾ, ಇಷ್ಟು ಎಳೆಯಕ್ಕೆ?"

ಬುಧವಾರ ಹಲಗೂರು. ಲಕೋಟೆಗಳ ಮೇಲಿದ್ದ ಮುದ್ರೆ ಅಲ್ಲಿಯ ಅಂಚೆ ಕಚೇರಿಯದು. ಆತಗೂರಿನವರು ಅಷ್ಟು ದೂರ ಹೋಗಿ ರಿಜಿಸ್ಟರ್ ಮಾಡುವುದಿಲ್ಲ, ಗುರುತು ಸಿಗಬಾರದೆಂದು ಹೋಗಿರಬೇಕು. ಕೌಂಟರಿನವನಿಗೆ ಮುಖ ನೆನಪಿರಲಿಲ್ಲ, ಸೀರೆ ನೆನಪಿತ್ತು.

"ಅಂಗನವಾಡಿ ಟೀಚರ್‌ದು ಮೇಡಂ, ಆ ಯೂನಿಫಾರಂ ಸೀರೆ. ಹತ್ತೊಂಬತ್ತು ಲಕೋಟೆ ನೋಡಿ ಮದ್ವೆ ಕಾರ್ಡಾ ಅಂದೆ. ನಗಲೂ ಇಲ್ಲ."

ಗುರುವಾರ ಬೆಳಿಗ್ಗೆ 9.45ಕ್ಕೆ ಜೀಪು ಆತಗೂರು ಕಡೆಯ ಆಲೆಮನೆ ಮುಂದೆ ನಿಂತಿತು. ಮಾಲೀಕ ಕಬ್ಬಿನ ಸಿಪ್ಪೆಯ ರಾಶಿ ಹಿಂದಿನಿಂದ ಬಂದ.

"ಬೆಳ್ಳು ಇಲ್ದೋರಾ? ಮೂರು ಜನ ಅವ್ರೆ ನಮ್ಮಲ್ಲಿ. ನಿಮ್ಗೆ ಯಾವ್ ಬೆಳ್ಳು ಇಲ್ದೋನು ಬೇಕು?"

"ಹೆಂಡ್ತಿ ಅಂಗನವಾಡಿಲಿ ಇರೋನು."

"ಅಂಗಾದ್ರೆ ಮಾದಯ್ಯ. ಲೇ ಮಾದ, ಬಾರ್ಲಾ ಇಲ್ಲಿ."

ಕೊಪ್ಪರಿಗೆಯ ಬಳಿ ನೊರೆ ತೆಗೆಯುತ್ತಿದ್ದ ಗಂಡಸು ತಿರುಗಿದ. ಐವತ್ತರ ಹತ್ತಿರದ ವಯಸ್ಸು. ಎಡಗೈಯ ಉಂಗುರದ ಬೆರಳಿನ ಜಾಗದಲ್ಲಿ ನುಣುಪಾದ ಮೊಂಡು. ಖಾಕಿ ನೋಡಿದವನೇ ಸೌಟು ಪಕ್ಕದವನ ಕೈಗೆ ಕೊಟ್ಟ.

"ಪಾಕ ಬಂದೈತೆ, ತಳ ಹಿಡುಸ್ಬೇಡ," ಎಂದು ಅವನಿಗೆ ಹೇಳಿ, ವನಜಾ ಕಡೆ ಬಂದ. "ನಾನೊಬ್ಬನೇ ಮಾಡಿದ್ದು ಅಂದ್ರೆ ನೀವು ನಂಬಲ್ಲ, ಅಲ್ವಾ ಮೇಡಂ?"

"ನಿನಗೆ ಬರೆಯೋಕೆ ಬರುತ್ತಾ?"

"ಇಲ್ಲ."

"ಮತ್ತೆ?"

ಅವನು ಹೆಗಲ ಟವಲಿನಿಂದ ಕೈ ಒರೆಸಿಕೊಂಡು ಜೀಪು ಹತ್ತಿದ. 

ಮಾದಯ್ಯನನ್ನು ಪುಟ್ಟರಾಜು ಜೊತೆ ಜೀಪಿನಲ್ಲೇ ಬಿಟ್ಟು ವನಜಾ ಕಾಲೋನಿಯ ಅಂಗನವಾಡಿಗೆ ಒಬ್ಬಳೇ ಹೋದಳು. ಬಾಗಿಲ ಬಳಿ ನಿಂತಾಗ 10.50. ಹದಿನಾರು ಮಕ್ಕಳು ಸಾಲಾಗಿ ಕೂತಿದ್ದವು. ಗೋಡೆಯ ಮೇಲೆ ಮಕ್ಕಳ ಹೆಸರು, ತೂಕ, ಹುಟ್ಟಿದ ದಿನ. ಅದೇ ದುಂಡು ಅಕ್ಷರ.

ಟೀಚರ್ ಮರಿತಾಯಮ್ಮ ಅವಳನ್ನು ನೋಡಿದಳು. ಬೆಚ್ಚಲಿಲ್ಲ. ಮೆಲ್ಲಗೆ ಹೊರಗೆ ಬಂದು ಬಾಗಿಲು ಮುಂದಕ್ಕೆಳೆದಳು.

"ಹೆಲ್ಪರ್ ಅರ್ಧ ದಿನ ರಜ ಹಾಕವ್ರೆ ಮೇಡಂ. ಒಂದೂವರೆಗೆ ಬತ್ತಾರೆ. ಅಲ್ಲಿವರೆಗೂ ಮಕ್ಕಳನ್ನ ಯಾರ ಕೈಗೆ ಕೊಡ್ಲಿ? ಉಣ್ಣಿಸಿ, ಒಪ್ಪಿಸಿ ಬತ್ತೀನಿ."

ವನಜಾ ಒಪ್ಪಿದಳು. ಎರಡೂವರೆ ಗಂಟೆ ಆ ಜಗಲಿಯ ಮೇಲೆ ಕೂತಳು, ಎದ್ದಳು, ಬೀದಿಯ ಕೊನೆವರೆಗೆ ನಡೆದು ಬಂದಳು. ಒಳಗಿಂದ ಅನ್ನ ಸಾರಿನ ವಾಸನೆ, ಹಟ ಮಾಡುವ ಮಗುವನ್ನು ರಮಿಸುವ ದನಿ. ಒಂದು ತುತ್ತು ಕಾಗೆಗೆ, ಒಂದು ತುತ್ತು ಗುಬ್ಬಿಗೆ, ಒಂದು ತುತ್ತು ಹೊರಗೆ ನಿಂತಿರೋ ಪೊಲೀಸಮ್ಮಂಗೆ.

1.40ಕ್ಕೆ ಮನೆ ತಪಾಸಣೆ. ಇಬ್ಬರು ಪಂಚರ ಸಮ್ಮುಖದಲ್ಲಿ ಪುಟ್ಟರಾಜು ಫೋನಿನಲ್ಲಿ ವಿಡಿಯೊ ಮಾಡುತ್ತ ನಿಂತ. ಕಬ್ಬಿಣದ ಪೆಟ್ಟಿಗೆಯಲ್ಲಿ ಶಾಯಿ ಪ್ಯಾಡು, ಹತ್ತೊಂಬತ್ತು ಅಂಚೆ ರಸೀತಿ, ಊರಿನ ಜನನ ಮರಣ ಬರೆದಿಟ್ಟ ಹಳೇ ಅಂಗನವಾಡಿ ಪುಸ್ತಕ. ಅದರಡಿ ಇನ್ನೊಂದು ಅರ್ಜಿ, ಅರ್ಧ ಬರೆದದ್ದು. ತಂದೆ: ಮಾದಯ್ಯ. ತಾಯಿ: ಮರಿತಾಯಮ್ಮ. ವಾಸ: ಹೊಂಗೆ ಮರದ ಬುಡ, ಇಪ್ಪತ್ತೆರಡು ವರ್ಷದಿಂದ. ಹೆಸರು ಎಂಬಲ್ಲಿ ಏನೂ ಇರಲಿಲ್ಲ.

ವನಜಾ ಆ ಹಾಳೆಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಿಡಿದುಕೊಂಡಳು. ಪಂಚರು ಕಾಯುತ್ತಿದ್ದರು.

"ಇದನ್ನ ಯಾಕೆ ಕಳಿಸಲಿಲ್ಲ?"

"ಹನ್ನೊಂದು ದಿನಕ್ಕೆ ಹೋಗ್ಬಿಡ್ತು ಮೇಡಂ. ಹೆಸರಿಕ್ಕಿರಲಿಲ್ಲ. ಹೆಸರಿಲ್ದೋರ ಅರ್ಜಿ ಯಾರು ತಗೋತಾರೆ? ಈಗ ಒಂದು ಇಕ್ಕಾನ ಅಂದ್ರೆ ಇವ್ರು ಬೇಡ ಅಂದ್ರು."

ಮಾದಯ್ಯ ಗೋಡೆ ನೋಡುತ್ತಿದ್ದ. "ಕೂಸಿನ ಹೆಸರಲ್ಲಿ ಸುಳ್ಳು ಕಾಗದ ಬ್ಯಾಡ ಅಂದೆ."

"ಬೇರೆ ಹತ್ತೊಂಬತ್ತು ಬರೆಯಬಹುದಾ?"

"ಅವ್ರು ದೊಡ್ಡೋರು. ತಪ್ಪಾದ್ರೆ ಬಯ್ತಾರೆ, ಕ್ಷಮಿಸ್ತಾರೆ," ಎಂದಳು ಮರಿತಾಯಮ್ಮ.

"ಒಬ್ಬೊಬ್ಬರಿಗೆ ಒಂದೊಂದು ಬೆರಳು ಯಾಕೆ? ಎಲ್ಲಕ್ಕೂ ಒಂದೇ ಹಾಕಿದ್ದರೆ ನಿಮ್ಮನ್ನ ಹುಡುಕೋದು ಕಷ್ಟವಿತ್ತು."

"ಒಬ್ರ ಬೆಟ್ಟು ಇನ್ನೊಬ್ರಿಗೆ ಹಾಕಬಾರ್ದಲ್ವಾ ಮೇಡಂ," ಎಂದಳು ಅವಳೇ.

ಪುಟ್ಟರಾಜು ಫೋನನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡ.

"ನಿಮ್ಮ ಹೆಸರಲ್ಲೇ ತಕರಾರು ಹಾಕಬಹುದಿತ್ತು."

"ಹಾಕಕ್ಕೆ ಹೋಗಿದ್ದೆ. ಪಹಣಿಲಿ ಸ್ಮಶಾನ ಅಂತ ಇಲ್ಲ, ಒಬ್ಬಳ ಮಾತಿಗೆ ಬೆಲೆ ಇಲ್ಲ, ಹತ್ತಾರು ಜನ ಬನ್ನಿ ಅಂದ್ರು. ಜಮೀನಿನ ಹಳೇ ಯಜಮಾನ್ರು ಬಾಯಿ ಮಾತಲ್ಲಿ ಬಿಟ್ಟ ಜಾಗ ಅದು, ಮೂರು ತಲೆಮಾರಿಂದ. ಕಾಗದ ಎಲ್ಲಿ ತರಲಿ? ಅರವತ್ತು ಮನೆ ಬಾಗಿಲು ತಟ್ಟಿದೆ. ಎಲ್ರಿಗೂ ಫ್ಯಾಕ್ಟ್ರಿ ಕೆಲಸದ ಭಯ. ಅವ್ರದ್ದೂ ತಪ್ಪಲ್ಲ. ಭಯ ಇಲ್ದೋರು ಆ ಮೂಲೆಲಿ ಮಲಗಿರೋರು ಮಾತ್ರ."

ಮಧ್ಯಾಹ್ನ 2.25ಕ್ಕೆ ಇಬ್ಬರ ಬಂಧನ ದಾಖಲಾಯಿತು. ವನಜಾ ಸರ್ಕಲ್ ಇನ್‌ಸ್ಪೆಕ್ಟರಿಗೆ ಫೋನು ಮಾಡಿ ವಿಷಯ ತಿಳಿಸಿದಳು. ಅವರಿಗೆ ಸಮಾಧಾನವಾಯಿತು. ಅವಳು ಆಗಲೇ ಒಂದು ಮಾತು ಸೇರಿಸಿದಳು.

"ಸರ್, ಅರ್ಜಿಲಿ ಬರೆದಿರೋ ವಿಳಾಸ ಸುಳ್ಳೋ ನಿಜವೋ ಅಂತ ತನಿಖೆಲಿ ಬರಬೇಕು. ಆರೋಪಿಗಳು ಜಾಗ ತೋರಿಸ್ತೀವಿ ಅಂತಿದಾರೆ. ಸ್ಥಳ ಪಂಚನಾಮೆ ಮಾಡ್ತೀನಿ."

"ಮಾಡಿ. ಸರಿಯಾಗೇ ಮಾಡಿ," ಎಂದರು ಅವರು.

3.15ಕ್ಕೆ ಶುರುವಾಯಿತು. ಗ್ರಾಮ ಆಡಳಿತ ಅಧಿಕಾರಿ ಬಂದರು, ಟೇಪು ಬಂತು. ಕುಡುಗೋಲು ತರಲು ಹೇಳಿದ್ದು ಒಂದೇ, ಕಾಲೋನಿಯಿಂದ ಏಳು ಜನ ಹೆಂಗಸರು ಹಿಡಿದುಕೊಂಡು ಬಂದರು. ಅವರಲ್ಲಿ ಯಶೋದಮ್ಮನೂ ಇದ್ದಳು. ಎಲ್ಲರೂ ಸೇರಿ ಲಾಂಟಾನ ಕಡಿದರು. ಮಣ್ಣಿನ ದಿಬ್ಬಗಳು ಒಂದೊಂದಾಗಿ ಕಂಡವು. ಕೆಲವಕ್ಕೆ ತಲೆಯ ಬಳಿ ಕಲ್ಲು, ಒಂದಕ್ಕೆ ಬುದ್ಧನ ಚಿಕ್ಕ ಚಿತ್ರ ಅಂಟಿಸಿದ ಹೆಂಚು. ಮರಿತಾಯಮ್ಮ ಹೆಸರು ಹೇಳುತ್ತ ಹೋದಳು, ಮಾದಯ್ಯ ಟೇಪಿನ ತುದಿ ಹಿಡಿದ, ಪುಟ್ಟರಾಜು ಬರೆದ. ಉದ್ದ, ಅಗಲ, ಹೊಂಗೆ ಮರದಿಂದ ದೂರ. ಅರ್ಜಿಯಲ್ಲಿದ್ದ ಹತ್ತೊಂಬತ್ತೂ ಹೇಳಿದ ಜಾಗದಲ್ಲೇ ಇದ್ದವು. ಅವಲ್ಲದೆ ಇನ್ನೂ ಹದಿನೇಳು.

5.20ಕ್ಕೆ ಮರದ ಬುಡಕ್ಕೆ ಬಂದರು. ಅಲ್ಲಿ ದಿಬ್ಬ ಉಳಿದಿರಲಿಲ್ಲ. ಮೂರು ಬಿಳಿ ಕಲ್ಲು ಮಾತ್ರ.

"ಹೆಸರು?" ಎಂದ ಪುಟ್ಟರಾಜು ರೂಢಿಯಿಂದ, ತಕ್ಷಣ ನಾಲಿಗೆ ಕಚ್ಚಿಕೊಂಡ.

"ಮಗು ಅಂತ ಬರಿ," ಎಂದಳು ವನಜಾ. "ಅಳತೆ ತಗೋ."

ಎರಡು ಅಡಿ ನಾಲ್ಕು ಅಂಗುಲ.

ಶುಕ್ರವಾರ ಬೆಳಿಗ್ಗೆ ಆರೋಪಿಗಳನ್ನು ಮದ್ದೂರಿನ ನ್ಯಾಯಾಲಯಕ್ಕೆ ಹಾಜರುಪಡಿಸಲಾಯಿತು. ಜಾಮೀನು ಸಿಕ್ಕಿತು. ಮರಿತಾಯಮ್ಮನನ್ನು ಕೆಲಸದಿಂದ ತೆಗೆದ ಆದೇಶ ಮರುವಾರ ಬಂತು. ಪಂಚನಾಮೆಯ ಪ್ರತಿ ತನಿಖಾ ವರದಿಯ ಜೊತೆ ಆ ಶುಕ್ರವಾರವೇ, ವಿಚಾರಣೆಗೆ ಮುಂಚೆ, 10.40ಕ್ಕೆ ಮಂಡ್ಯದ ಕಚೇರಿ ತಲುಪಿತು. ಹತ್ತೊಂಬತ್ತು ಅರ್ಜಿಗಳೂ ವಜಾ ಆದವು. ಆದರೆ 'ಖಾಲಿ' ಎಂದು ಬರೆದ ಜಾಗದಲ್ಲಿ ಮೂವತ್ತೇಳು ಸಮಾಧಿ ಇವೆಯೆಂದು ಸರ್ಕಾರಿ ಮೊಹರಿನ ಕಾಗದ ಬಂದ ಮೇಲೆ ನಕ್ಷೆಗೆ ಸಹಿ ಹಾಕಲು ಯಾರೂ ಮುಂದಾಗಲಿಲ್ಲ. ಮರು ಸರ್ವೆಗೆ ಆದೇಶವಾಯಿತು.

ಶುಕ್ರವಾರ ಸಂಜೆ ವನಜಾ ಕೇಸ್ ಡೈರಿ ಬರೆಯಲು ಕೂತಳು. ಕೃತ್ಯದ ಉದ್ದೇಶ ಎಂಬಲ್ಲಿಗೆ ಬಂದಾಗ ಬಹಳ ಹೊತ್ತು ತಡೆದಳು. ಕೊನೆಗೆ ಇಲಾಖೆಯ ಭಾಷೆಯಲ್ಲೇ ಬರೆದಳು:

"ಸದರಿ ಆರೋಪಿಗಳು ತಾವು ಹನ್ನೊಂದು ದಿನ ಮಾತ್ರ ಎತ್ತಿ ಆಡಿಸಿದ್ದ ಮಗುವಿನ ಮೇಲೆ ಯಾರೂ ಮನೆ ಕಟ್ಟಬಾರದೆಂಬ ಉದ್ದೇಶದಿಂದ ಈ ಕೃತ್ಯ ಎಸಗಿರುವುದು ತನಿಖೆಯಿಂದ ದೃಢಪಟ್ಟಿರುತ್ತದೆ."