ರೇಷ್ಮೆಯ ಪಾಲಿನ ನೀರು

ಎಳೆ ಮತ್ತೆ ಸೌಡಮ್ಮನ ತೋರುಬೆರಳಿಗೆ ಸಿಕ್ಕಿಕೊಂಡಿತು. ಅವಳು ಉಸಿರು ಬಿಗಿಹಿಡಿದು ಬೆರಳನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದಳು. ಎಳೆ ಬಿಡಲಿಲ್ಲ. ಇನ್ನೂ ಸ್ವಲ್ಪ ಸರಿಸಿದಳು. ಟಪ್ ಎಂದು ತುಂಡಾಯಿತು.

ರಾಟೆ ನಿಂತಿತು. ಒಳಗೆ ಮಗ್ಗದ ಸದ್ದೂ ನಿಂತಿತು.

"ಯಾರು ಹರಿದಿದ್ದು?" ಕಂದಸಾಮಿ ಮಾಮ ಮಗ್ಗದಿಂದಲೇ ಕೇಳಿದ.

"ಅದೇ ಹರೀತು, ಮಾಮ."

"ಪಟ್ಟು ತಾನಾಗಿ ಹರಿಯೋದಿಲ್ಲ, ನನ್ನ ಕಣ್ಣು. ಇಲ್ಲಿ ಬಾ, ಕೈ ತೋರ್ಸು."

"ಅಮ್ಮ ಕರೀತಿದಾಳೆ!" ಎಂದು ಸುಳ್ಳು ಹೇಳಿ ಸೌಡಮ್ಮ ಹಿತ್ತಿಲಿಗೆ ಓಡಿದಳು.

ಮಾಮನ ಮನೆಯಲ್ಲಿ ಒಂದು ಕಟ್ಟುಪಾಡಿತ್ತು. ಪಟ್ಟು ಎಂದರೆ ರೇಷ್ಮೆ; ಅದನ್ನು ಮುಟ್ಟುವ ಮೊದಲು ಬೆರಳ ತುದಿಯ ಮೇಲೆ ಒಂದು ತುಂಡು ಎಳೆಯನ್ನು ಎಳೆದು ನೋಡಬೇಕು. ಜಾರಿದರೆ ರಾಟೆಗೆ ಕೂರಬಹುದು. ತಡೆದರೆ ಅವತ್ತು ರೇಷ್ಮೆಯ ಕೆಲಸವಿಲ್ಲ, ಅಜ್ಜಿಯ ಪಕ್ಕದಲ್ಲಿ ಹತ್ತಿನೂಲು ಸುತ್ತಬೇಕು. ಇವತ್ತು ಸೌಡಮ್ಮ ಎಳೆದು ನೋಡದೆಯೇ ಕೂತಿದ್ದಳು. ಸೌಡಮ್ಮ ಈ ಊರಿಗೆ ಬಂದ ದಿನ ಅವಳ ಬೆರಳ ಮೇಲೆ ಎಳೆ ನೀರಿನ ಹಾಗೆ ಜಾರಿತ್ತು. "ಬೆಣ್ಣೆಬೆರಳು!" ಎಂದು ಮಾಮ ಎಲ್ಲರ ಮುಂದೆ ಹೊಗಳಿದ್ದ. ಆ ಮಾತು ನೆನಪಾದರೆ ಈಗ ಅಳು ಬರುತ್ತಿತ್ತು.

ಬಾವಿಯ ಹಿಂದೆ ಕೂತು ಅವಳು ರವಿಕೆಯ ತೋಳನ್ನು ಮೇಲಕ್ಕೆ ಸರಿಸಿದಳು. ಇವತ್ತು ಇನ್ನೂ ಜಾಸ್ತಿಯಾಗಿತ್ತು. ಕೈಯ ತುಂಬ ಸಣ್ಣ ಬಿಳಿ ಗೆರೆಗಳು, ಕೆರೆ ಬತ್ತಿದಾಗ ಮಣ್ಣು ಬಿರಿಯುವ ಹಾಗೆ. ಮೊಣಕಾಲಿನ ಕೆಳಗೆ ಮೀನಿನ ಪೊರೆಯಂತೆ. ಕೆರೆದರೆ ಬೂದಿಯಂಥ ಪುಡಿ ಉದುರುತ್ತಿತ್ತು. ಬೆರಳಿನ ಗೆಣ್ಣುಗಳು ಸೀಳಿ ಒಳಗೆ ಕೆಂಪಗೆ ಕಾಣುತ್ತಿದ್ದವು. ಉರಿ ಬೇರೆ.

ಅಜ್ಜಿ ಹೇಳುವ ಕತೆಗಳಲ್ಲಿ ಶಾಪ ತಗಲಿದವರು ಒಮ್ಮೆಗೇ ಕಲ್ಲಾಗುತ್ತಿರಲಿಲ್ಲ. ಮೊದಲು ಪಾದ, ಆಮೇಲೆ ಮೊಣಕಾಲು, ಆಮೇಲೆ ಕೈ. ಸೌಡಮ್ಮ ತೋಳನ್ನು ಗಬಕ್ಕನೆ ಕೆಳಗೆ ಎಳೆದುಕೊಂಡಳು.

ಕೋಯಮುತ್ತೂರಿನಲ್ಲಿ ಹೀಗಿರಲಿಲ್ಲ. ಅಲ್ಲಿ ಅವರ ಬೀದಿಯ ಕೊಳಾಯಿಯಲ್ಲಿ ಸಿರುವಾಣಿ ಹೊಳೆಯ ಸಿಹಿನೀರು ಬರುತ್ತಿತ್ತು. ಅಮ್ಮ ಹೆರಿಗೆಗೆಂದು ತವರಿಗೆ ಬಂದಾಗ ಸೌಡಮ್ಮನೂ ಜೊತೆಗೆ ಬಂದಳು. ಇಲ್ಲಿನ ಸ್ಕೂಲಿಗೇ ಹೋಗುತ್ತಿದ್ದಳು. ತಮ್ಮ ಹುಟ್ಟಿದ. ಅವನು ಹುಟ್ಟಿದ ಸಂತೋಷವನ್ನು ಪೂರ್ತಿ ಪಡುವುದಕ್ಕೂ ಬಿಡದೆ ಕೈಯ ಈ ಕಾಟ ಶುರುವಾಗಿತ್ತು.

ಮೊದಲು ನೋಡಿದ್ದು ಸ್ಕೂಲಿನಲ್ಲಿ ಹಿಂದಿನ ಬೆಂಚಿನ ರಾಜೇಂದ್ರನ್.

"ಏಯ್ ಕೋಯಮುತ್ತೂರು! ಕೈಗೆ ಏನು, ಸುಣ್ಣ ಬಳ್ಕೊಂಡಿದೀಯಾ?" ಎಂದು ತಮಿಳಿನಲ್ಲಿ ಕೂಗಿದ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಆಮೇಲೆ ಅವನು ಹತ್ತಿರ ಬಂದು ಸರಿಯಾಗಿ ನೋಡಿದ. ಅವನ ನಗು ಹೋಯಿತು.

"ಪೆರುವ್ಯಾಧಿ ಹೀಗೇ ಶುರುವಾಗೋದು," ಎಂದ. "ದೊಡ್ಡ ರೋಗ, ಕುಷ್ಠ. ನಮ್ಮ ಸ್ಕೂಲಲ್ಲೇ ಒಬ್ಬಳಿಗೆ ಬಂದಿತ್ತು. ಬಂಡೀಲಿ ಕೂರಿಸ್ಕೊಂಡು ಹೋದ್ರು."

"ಎಲ್ಲಿಗೆ?"

"ಯಾರಿಗೆ ಗೊತ್ತು? ಅವಳು ತಿರುಗಿ ಬರಲೇ ಇಲ್ಲ." ಅವನು ತನ್ನ ಸ್ಲೇಟನ್ನು ಅವಳ ಕೈಗೆ ತಾಗದ ಹಾಗೆ ಆಚೆಗೆ ಇಟ್ಟುಕೊಂಡ.

ಅವತ್ತಿನಿಂದ ಸೌಡಮ್ಮ ಉದ್ದ ತೋಳಿನ ರವಿಕೆಯನ್ನೇ ಹಾಕುತ್ತಿದ್ದಳು. ರೋಗ ತೊಳೆದುಹೋಗಲಿ ಎಂದು ಯಾರಿಗೂ ಕಾಣದಂತೆ ಮತ್ತೆ ಮತ್ತೆ ಬಾವಿ ನೀರು ಸೇದಿ, ಸೋಪು ಹಾಕಿ, ತೆಂಗಿನ ನಾರಿನಿಂದ ಉಜ್ಜುತ್ತಿದ್ದಳು. ಆ ನೀರಿನಲ್ಲಿ ಸೋಪು ಒಡೆದ ಹಾಲಿನಂತೆ ಚೂರು ಚೂರಾಗಿ ಮೈಗೆ ಅಂಟುತ್ತಿತ್ತು. ಒಣಗಿದ ಮೇಲೆ ಕೈ ಇನ್ನೂ ಬೆಳ್ಳಗೆ, ಇನ್ನೂ ಬಿಗಿಯಾಗಿ ಕಾಣುತ್ತಿತ್ತು. ತೊಳೆದಷ್ಟೂ ಹೆಚ್ಚಾಗುವ ರೋಗ!

"ಸೌಡೂ! ಪಾಪೂನ ಬಟ್ಟೆ ತಗೊಂಡು ಬಾರೇ!" ಅಜ್ಜಿಯ ದನಿ ಕೇಳಿತು.

ಬಾಣಂತಿಯ ಕೋಣೆಯಲ್ಲಿ ಸಾಂಬ್ರಾಣಿಯ ಹೊಗೆ ತುಂಬಿತ್ತು. ಅಜ್ಜಿ ಕಾಲು ನೀಡಿ ಕೂತು, ಕಾಲ ಮೇಲೆ ಮಗುವನ್ನು ಮಲಗಿಸಿ ಎಣ್ಣೆ ಹಚ್ಚುತ್ತಿದ್ದಳು. ಸೌಡಮ್ಮ ಬಾಗಿಲಲ್ಲೇ ನಿಂತು ಬಟ್ಟೆ ಚಾಚಿದಳು. ಅಷ್ಟರಲ್ಲಿ ಮಗುವಿನ ಪಾದ ಅವಳ ಕಣ್ಣಿಗೆ ಬಿತ್ತು.

ಪುಟ್ಟ ಹಿಮ್ಮಡಿಯಲ್ಲಿ ಚರ್ಮ ಸುಲಿದು ಎದ್ದಿತ್ತು. ಬಿಳಿಯ ತೆಳು ಪೊರೆ.

ಸೌಡಮ್ಮನ ಕೈಯಿಂದ ಬಟ್ಟೆ ಜಾರಿತು. ಅದೇ ಪಾದ! ಮೊನ್ನೆ ಎಲ್ಲರೂ ಹಿತ್ತಿಲಲ್ಲಿದ್ದಾಗ ಅವಳು ಕದ್ದು ಒಳಗೆ ಬಂದು ಒಂದೇ ಒಂದು ಸಲ ಮುಟ್ಟಿದ ಪಾದ. ಎಷ್ಟು ಮೆತ್ತಗಿತ್ತು!

"ಯಾಕೇ, ಮುಖ ಹೀಗ್ಮಾಡ್ಕೊಂಡೆ?" ಅಮ್ಮ ಮಂಚದಿಂದ ಕೇಳಿದಳು. "ಬಾ, ಹತ್ರ ಬಂದು ನೋಡು ನಿನ್ನ ತಮ್ಮನ್ನ."

"ಬೇಡ," ಎಂದಳು ಸೌಡಮ್ಮ. "ಬೇಡಮ್ಮ. ನಾನು ಬರಲ್ಲ."

ಊಟದ ಹೊತ್ತಿಗೆ ಅವಳು ಅನ್ನವನ್ನು ತಟ್ಟೆಯ ಅಂಚಿಗೆ ಸರಿಸುತ್ತಾ ಕೂತಳು. ಬಂಡಿ ಬಂದರೆ ತನ್ನನ್ನು ಮಾತ್ರ ಕರೆದುಕೊಂಡು ಹೋಗುತ್ತಾರೆಯೇ, ಪಾಪುವನ್ನೂ ಒಯ್ಯುತ್ತಾರೆಯೇ? ಅಷ್ಟು ಚಿಕ್ಕವನನ್ನು ಅಲ್ಲಿ ಯಾರು ಎತ್ತಿಕೊಳ್ಳುತ್ತಾರೆ?

ಊಟವಾದ ಮೇಲೆ ಮನೆಯವರೆಲ್ಲ ಅಲ್ಲಲ್ಲಿ ತಲೆ ಒರಗಿಸಿದರು. ಸೌಡಮ್ಮನ ಕಣ್ಣು ಮಗ್ಗದ ಕೋಣೆಯ ಮೂಲೆಯ ಮೇಲಿತ್ತು. ಅಲ್ಲಿ ಅಂಡಾ ಎನ್ನುವ ದೊಡ್ಡ ಹಿತ್ತಾಳೆಯ ಹಂಡೆಯಲ್ಲಿ ಪಟ್ಟಿನ ನೀರಿತ್ತು. ಊರಾಚೆಯ ತೋಟದ ಬಾವಿಯಿಂದ ಪೊನ್ನುಸಾಮಿಯ ಬಂಡಿಯಲ್ಲಿ ಪೀಪಾಯಿ ತುಂಬಿಸಿ ತರುವ ಸಿಹಿನೀರು. ಅದರಲ್ಲಿ ಎರಡು ಕೊಡ ಕುಡಿಯಲಿಕ್ಕೆ, ಉಳಿದದ್ದೆಲ್ಲ ರೇಷ್ಮೆಯನ್ನು ಸೋಪು ಹಾಕಿ ಬೇಯಿಸಿ ತೊಳೆಯಲಿಕ್ಕೆ. ಸ್ನಾನಕ್ಕೆ, ಬಟ್ಟೆಗೆ, ಪಾತ್ರೆಗೆ ಹಿತ್ತಿಲ ಬಾವಿಯ ಉಪ್ಪುನೀರು. ಅಂಡಾಕ್ಕೆ ಯಾರೂ ಕೈ ಹಾಕುವ ಹಾಗಿರಲಿಲ್ಲ.

'ಆ ನೀರು ತಾಗಿದ್ರೆ ಯಾವ ಕೊಳೆನೂ ನಿಲ್ಲಲ್ಲ' ಎಂದು ಮಾಮ ಒಮ್ಮೆ ಹೇಳಿದ್ದ.

ಅವಳು ಬೆಕ್ಕಿನಂತೆ ನಡೆದು ಹೋಗಿ ಅಂಡಾದ ಮುಚ್ಚಳ ಸರಿಸಿದಳು. ಚೊಂಬು ತುಂಬಿಕೊಂಡಳು. ಮೊದಲು ತಾನು ತೊಳೆದುಕೊಳ್ಳುವುದು, ಆಮೇಲೆ ಪಾಪುವಿನ ಪಾದ. ಬಚ್ಚಲಲ್ಲಿ ಕೂತು ಕೈಗೆ ನೀರು ಹಾಕಿ ಸೋಪು ಉಜ್ಜಿದಳು.

ನೊರೆ ಎದ್ದಿತು.

ಬೆರಳ ಸಂದಿಯಲ್ಲಿ, ಅಂಗೈಯಲ್ಲಿ, ಮಣಿಕಟ್ಟಿನವರೆಗೆ. ಸೌಡಮ್ಮ ಬೆಚ್ಚಿಬಿದ್ದಳು. ಆಮೇಲೆ ನೋಡುತ್ತಾ ಕೂತಳು. ಈ ನೊರೆ ಅವಳಿಗೆ ಗೊತ್ತಿತ್ತು. ಕೋಯಮುತ್ತೂರಿನಲ್ಲಿ ಅಪ್ಪ ಅವಳ ತಲೆಯ ಮೇಲೆ ನೊರೆಯ ಕಿರೀಟ ಮಾಡುತ್ತಿದ್ದರು. ಸೋಪು ಅದೇ. ಅಲ್ಲಿಂದಲೇ ತಂದದ್ದು. ಹಾಗಾದರೆ ಇಷ್ಟು ದಿನ ಬಾವಿಯ ಹತ್ತಿರ ಯಾಕೆ ಹೀಗೆ ನೊರೆ ಬರಲಿಲ್ಲ?

"ಏಯ್! ಪಟ್ಟಿನ ನೀರಾ ಅದು?"

ಬಾಗಿಲಲ್ಲಿ ಮಾಮ ನಿಂತಿದ್ದ. ಅವನ ಹಿಂದೆ ಅಜ್ಜಿ.

"ನಾಳೆ ಮುಹೂರ್ತದ ಸೀರೆಯ ಪಟ್ಟು ಬೇಯಿಸ್ಬೇಕು ಅಂತ ಗೊತ್ತಿಲ್ವಾ ನಿನಗೆ? ಬಂಡಿ ಇನ್ನು ಯಾವಾಗ ಬರುತ್ತೋ!"

ಬಂಡಿ ಎಂಬ ಮಾತು ಕೇಳಿದ್ದೇ ಸೌಡಮ್ಮ ಗೋಡೆಗೆ ಅಂಟಿಕೊಂಡಳು. "ಬಂಡಿ ಬೇಡ ಮಾಮ! ನನ್ನ ಕಳಿಸ್ಬೇಡಿ! ಪಾಪೂನೂ ಕಳಿಸ್ಬೇಡಿ!"

ಮಾಮ ಬೆಪ್ಪಾಗಿ ಅಜ್ಜಿಯ ಮುಖ ನೋಡಿದ.

"ಎಲ್ಲಿಗೆ ಕಳಿಸೋದೇ ಸೌಡೂ?" ಅಜ್ಜಿ ಬಚ್ಚಲಿಗೇ ಇಳಿದು ಬಂದಳು.

"ನನಗೆ ಪೆರುವ್ಯಾಧಿ ಬಂದಿದೆ ಅಜ್ಜಿ. ಪಾಪೂನ ಮುಟ್ಬಿಟ್ಟೆ. ಅವನ ಕಾಲಿಗೂ ಬಂದ್ಬಿಟ್ಟಿದೆ." ಇಷ್ಟು ದಿನ ಹಿಡಿದಿಟ್ಟಿದ್ದೆಲ್ಲ ಒಟ್ಟಿಗೇ ಹೊರಗೆ ಬಂತು.

ಯಾರೂ ನಗಲಿಲ್ಲ. ಮಾಮ ಕುಕ್ಕರುಗಾಲಲ್ಲಿ ಕೂತು ಅವಳ ತೋಳನ್ನು ಮೇಲಕ್ಕೆ ಸರಿಸಿ ನೋಡಿದ. ಮತ್ತೆ ಕಾಲು ನೋಡಿದ. ಎದ್ದು ಒಳಗೆ ಹೋದ.

ಅವಳ ಅಳು ಕೇಳಿ ಅಮ್ಮ ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬಂದಿದ್ದಳು. "ಅಯ್ಯೋ ಹುಚ್ಚೀ," ಎಂದಳು. ಮಗುವಿನ ಪಾದ ಎತ್ತಿ ತೋರಿಸಿದಳು. "ಹುಟ್ಟಿದ ಕೂಸುಗಳಿಗೆಲ್ಲ ಹೀಗೆ ಸಿಪ್ಪೆ ಏಳತ್ತೆ. ನಿನಗೂ ಎದ್ದಿತ್ತು. ಹಾವಿನಮರಿ ಪೊರೆ ಬಿಡ್ತಿದೆ ಅಂತ ನಿಮ್ಮಪ್ಪ ಆಡ್ಕೊಳ್ತಿದ್ರು. ಒಬ್ಬಳೇ ಇಷ್ಟೆಲ್ಲ ನುಂಗ್ಕೊಂಡು ಕೂತಿದ್ಯಾ?"

"ನನ್ನ ಕೈ?"

ಮಾಮ ಒಂದು ಲಡಿ ನೂಲು ಹಿಡಿದುಕೊಂಡು ಬಂದ. "ಮುಟ್ಟು," ಎಂದ.

ಸೌಡಮ್ಮ ಮುಟ್ಟಿದಳು. ರೇಷ್ಮೆಯ ಬಣ್ಣ, ಆದರೆ ಹೊಳಪಿಲ್ಲ. ಒಣಹುಲ್ಲಿನಂತೆ ಒರಟು. ಬಿಳಿ ಪುಡಿ ಬೆರಳಿಗೆ ಹತ್ತಿತು.

"ನಿಮ್ಮ ಅತ್ತೆ ಹೊಸದಾಗಿ ಈ ಮನೆಗೆ ಬಂದಾಗ ಗೊತ್ತಿಲ್ದೆ ಬಾವಿ ನೀರಲ್ಲಿ ಸೋಪು ಹಾಕಿ ಬೇಯಿಸಿದ್ದು ಇದು. ಅವಳನ್ನ ರೇಗಿಸೋಕೆ ಅಂತ ಇಟ್ಕೊಂಡಿದೀನಿ," ಎಂದ ಮಾಮ. "ಈ ಪಟ್ಟಿಗೆ ಯಾವ ರೋಗವೂ ಬಂದಿರ್ಲಿಲ್ಲ ಕಣ್ಣು."

ಸೌಡಮ್ಮ ಲಡಿಯನ್ನು ನೋಡಿದಳು. ತನ್ನ ಕೈಯನ್ನು ನೋಡಿದಳು. ಎರಡರ ಮೇಲೂ ಅದೇ ಬಿಳಿ ಪುಡಿ, ಅದೇ ಬಾವಿಯ ನೀರು.

"ನೀನು ಬೇರೆ ಸೋಪು, ನಾರು ಅಂತ ಉಜ್ಜಿದೀಯ," ಎಂದಳು ಅಮ್ಮ, ಸೀಳಿದ ಗೆಣ್ಣುಗಳನ್ನು ನೋಡಿ. "ಭಾನುವಾರ ಅಪ್ಪ ಬರ್ತಾರೆ. ಡಾಕ್ಟರಿಗೂ ತೋರಿಸ್ಕೊಂಡು ಬರೋಣ. ಆಗ ಇದು ಪೆರುವ್ಯಾಧಿ ಅಲ್ಲ ಅಂತ ನಿನಗೇ ಗೊತ್ತಾಗತ್ತೆ."

ಮಾಮ ಅಂಡಾದ ಕಡೆಗೊಮ್ಮೆ ನೋಡಿ ತಲೆ ಕೆರೆದುಕೊಂಡ. "ತಗೊಂಡಿದ್ದು ತಗೊಂಡೆ. ಆ ಸೋಪನ್ನ ಪೂರ್ತಿ ತೊಳ್ಕೊ," ಎಂದು ಹೊರಟುಹೋದ.

ಅಜ್ಜಿ ಚೊಂಬಿನಿಂದ ಸಿಹಿನೀರು ಸುರಿದಳು. ನೊರೆ ಇಳಿದುಹೋಯಿತು. ಸೆರಗಿನಿಂದ ಒತ್ತಿ ಒರೆಸಿ, ಕಾಂಗೇಯದಿಂದ ತರಿಸಿದ ಕೊಬ್ಬರಿ ಎಣ್ಣೆಯನ್ನು ಒಂದೊಂದೇ ಬೆರಳಿಗೆ ಹಚ್ಚತೊಡಗಿದಳು. ಅಜ್ಜಿಯ ಕೈ ಚರಚರ ಎಂದು ಸದ್ದು ಮಾಡುತ್ತಿತ್ತು.

ಸೌಡಮ್ಮ ಆ ಕೈಯನ್ನು ಮೊದಲ ಸಲ ಸರಿಯಾಗಿ ನೋಡಿದಳು. ಅಂಗೈ ತುಂಬ ಬಿಳಿ ಗೆರೆಗಳು. ಹೆಬ್ಬೆರಳಲ್ಲಿ ಆಳವಾದ ಸೀಳು, ಅದರೊಳಗೆ ಕೆಂಪು. ಅಜ್ಜಿಯರ ಕೈ ಹೀಗೇ ಇರುತ್ತದೆ ಎಂದು ಅವಳು ಅಂದುಕೊಂಡಿದ್ದಳು.

"ಅಜ್ಜಿ, ನೀನು ಯಾವಾಗಲೂ ಹತ್ತಿನೂಲೇ ಯಾಕೆ ಸುತ್ತೋದು?"

"ನನ್ನ ಕೈಯಲ್ಲಿ ಪಟ್ಟು ಜಾರಲ್ಲ ಕಣ್ಣು. ಈ ಮನೆಗೆ ಬಂದ ಹೊಸದ್ರಲ್ಲಿ ಸುತ್ತುತಿದ್ದೆ. ಆಮೇಲೆ ತಡೆಯೋಕೆ ಶುರುವಾಯ್ತು."

"ಉರಿಯಲ್ವಾ?"

ಅಜ್ಜಿ ಇನ್ನೊಂದು ಬೆರಳಿಗೆ ಎಣ್ಣೆ ಹಚ್ಚಿದಳು. "ಚೊಂಬಲ್ಲಿ ಚೂರು ಉಳಿದಿದೆ ನೋಡು. ಅಂಡಾಕ್ಕೆ ಹಾಕ್ಬಿಡು, ಪಟ್ಟಿಗಾಗುತ್ತೆ."

ಸೌಡಮ್ಮ ಚೊಂಬು ತೆಗೆದುಕೊಂಡಳು. ಅಂಡಾದ ಕಡೆಗೆ ಹೋಗಲಿಲ್ಲ. ಅಜ್ಜಿಯ ಕೈ ಹಿಡಿದು ನೀರು ಸುರಿದಳು.

"ಅಯ್ಯೋ, ಪಟ್ಟಿನ ನೀರು ಕಣೇ!" ಎಂದಳು ಅಜ್ಜಿ.

ಆದರೆ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಸೌಡಮ್ಮ ಮೆಲ್ಲಗೆ ಸೋಪು ಸವರಿದಳು. ಇಬ್ಬರ ಕೈಗಳ ನಡುವೆ ನೊರೆ ಬೆಳ್ಳಗೆ ಏಳತೊಡಗಿತು.