ಒಂದು ಮೀಟರ್ ತಗ್ಗಿಸಿದ ಹೊಳೆ

ಜುಲೈ 26, ಶನಿವಾರ. ಬೆಳಿಗ್ಗೆ 9.20ಕ್ಕೆ ಹರಿಹರದ ಪೊಲೀಸ್ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಹೆಸರು ಸಿದ್ದೀಕಾ, ನಗರಸಭೆಯ ಸಹಾಯಕ ಎಂಜಿನಿಯರ್. ಮಳೆಗಾಲ ಮುಗಿಯುವ ತನಕ ಪ್ರವಾಹ ನಿಯಂತ್ರಣ ಕೊಠಡಿಯ ಹೊಣೆಯೂ ಅವರದೇ. ಇನ್‌ಸ್ಪೆಕ್ಟರ್ ಮೀನಾಕ್ಷಿಯ ಮುಂದೆ ಅವರು ಮೊಬೈಲಿನ ಎರಡು ಫೋಟೊ ತೆರೆದಿಟ್ಟರು.

ಎರಡೂ ತುಂಗಭದ್ರೆಯ ಸೇತುವೆಯ ಕಂಬದ ಚಿತ್ರಗಳು. ನೀರಿನ ಮಟ್ಟ ತಿಳಿಯಲೆಂದು ಕಂಬದ ಮೇಲೆ ಹಳದಿ ಬಣ್ಣದಲ್ಲಿ ಗೆರೆ, ಅಂಕಿ ಬರೆದಿದ್ದರು. ಮೊದಲನೆಯದು ಜೂನ್ 2ರಂದು ಮುಂಗಾರಿನ ಸಿದ್ಧತೆ ನೋಡಲು ಹೋದಾಗ ತೆಗೆದದ್ದು. ಅದರಲ್ಲಿ ಕಂಬದ ತುಕ್ಕು ಹಿಡಿದ ಕೊಂಡಿಯ ಪಕ್ಕ ‘೧೦’ ಇತ್ತು. ಎರಡನೆಯದನ್ನು ಅರ್ಧ ಗಂಟೆ ಹಿಂದೆ ತೆಗೆದಿದ್ದರು. ಅದೇ ಕೊಂಡಿಯ ಪಕ್ಕ ‘೯’ ಇತ್ತು.

ಯಾರೋ ಅಂಕಿಗಳನ್ನು ಒಂದು ಮೀಟರ್ ಮೇಲಕ್ಕೆ ಸರಿಸಿ ಬರೆದಿದ್ದಾರೆ, ಎಂಟು ಎಂದು ಕಾಣುತ್ತಿರುವ ಹೊಳೆ ನಿಜಕ್ಕೂ ಒಂಬತ್ತು ದಾಟಿದೆ ಎಂದು ಸಿದ್ದೀಕಾ ಹೇಳಿದರು. ಒಂಬತ್ತಕ್ಕೆ ಕೆಂಪು ಗೆರೆ, ಎಂದರೆ ಅಪಾಯದ ಮಟ್ಟ. ಒಂಬತ್ತು ಮುಕ್ಕಾಲು ಮೀಟರಿಗೆ ಹೊಳೆದಂಡೆ ಕಾಲೊನಿಯ ನೂರಾ ನಲವತ್ತು ಮನೆಗಳಿಗೆ ನೀರು ನುಗ್ಗುತ್ತದೆ. ಮೇಲಿನ ಅಣೆಕಟ್ಟುಗಳಿಂದ ನಸುಕಿನಲ್ಲೇ ಹೆಚ್ಚು ನೀರು ಬಿಟ್ಟಿದ್ದರು.

“ಆ ನೀರು ಇಲ್ಲಿಗೆ ಎಷ್ಟೊತ್ತಿಗೆ ಬರ್ತದೆ?”

“ನಾಲ್ಕು ಗಂಟೆ ಸುಮಾರಿಗೆ, ಮೇಡಂ.”

9.45ಕ್ಕೆ ಎಫ್‌ಐಆರ್ ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆ ಮತ್ತು ವಿಪತ್ತು ನಿರ್ವಹಣಾ ಕಾಯ್ದೆಯಡಿ, ಅಪರಿಚಿತ ಆರೋಪಿಯ ವಿರುದ್ಧ. ಶಾಯಿ ಆರುವ ಮೊದಲೇ ಜೀಪು ಹೊರಟಿತ್ತು.

ಸೇತುವೆಯ ಮೇಲೆ ಪಂಚನಾಮೆ 10.10ಕ್ಕೆ ಶುರುವಾಯಿತು. ಕಾನ್‌ಸ್ಟೆಬಲ್ ಅಂಜನಕುಮಾರ ತಾನೇ ಇಳಿಯುತ್ತೇನೆಂದ. ಅಗ್ನಿಶಾಮಕ ದಳದವರು ಸೊಂಟಕ್ಕೆ ಹಗ್ಗ ಕಟ್ಟಿ ಅವನನ್ನು ಕಂಬದ ಪಕ್ಕಕ್ಕೆ ಬಿಟ್ಟರು. ಕೆಳಗೆ ಕೆಂಪು ನೀರು ಮರದ ಬುಡಗಳನ್ನೂ ಮುರಿದ ಬೇಲಿಗಳನ್ನೂ ಹೊತ್ತು ಸದ್ದು ಮಾಡುತ್ತ ಹರಿಯುತ್ತಿತ್ತು. ಅವನು ಚಾಕುವಿನಿಂದ ಕೊಂಡಿಯ ಪಕ್ಕದ ‘೯’ ಅನ್ನು ಕೆರೆದ. ಹಳದಿ ಸಿಪ್ಪೆ ಎದ್ದಿತು. ಅದರಡಿ ಸಿಮೆಂಟಿನ ಬಣ್ಣದ ಒಂದು ಪದರ, ಅದರಡಿ ಹಳೆಯ ಹಳದಿ. ಅವನು ಮೇಲಕ್ಕೆ ನೋಡಿ ಹತ್ತೂ ಬೆರಳು ಬಿಡಿಸಿ ತೋರಿಸಿದ. ಕೂಗಿದ್ದರೂ ಕೇಳುತ್ತಿರಲಿಲ್ಲ.

ಸಿದ್ದೀಕಾ ಅಲ್ಲಿಂದಲೇ ಫೋನು ಮಾಡಿ ಕಾಲೊನಿ ಖಾಲಿ ಮಾಡಿಸಲು ಆದೇಶ ಕೊಟ್ಟರು. ಬಸ್ಸು, ದೋಣಿ, ಶಾಲೆಯ ಕೋಣೆಗಳು, ಅಡುಗೆಯವರು ಎಲ್ಲವೂ ಯೋಜನೆಯ ಪ್ರಕಾರ ಸಿದ್ಧವಿದ್ದವು. ಜನ ಮಾತ್ರ ಅಲುಗಾಡಲಿಲ್ಲ.

ಧ್ವನಿವರ್ಧಕದ ಆಟೊ ಎರಡು ಸುತ್ತು ಹೊಡೆದರೂ ಒಂದು ಮನೆಯ ಬಾಗಿಲಿಗೂ ಬೀಗ ಬೀಳಲಿಲ್ಲ. ಕಾಲೊನಿಯವರು ಕಂಬದ ಕಡೆ ಕೈ ತೋರಿಸಿ, ಎಂಟು ಚಿಲ್ಲರೆ ಇದೆ, ಕಣ್ಣಿಗೆ ಕಾಣುತ್ತದಲ್ಲ ಎಂದರು. ಅವರ ಗುಮಾನಿಗೆ ಕಾರಣವೂ ಇತ್ತು. ಸತತ ಮೂರು ವರ್ಷ ಹೊಳೆ ಕೆಂಪು ಗೆರೆ ಮುಟ್ಟಿದರೆ ಕಾಲೊನಿಯನ್ನು ಶಾಶ್ವತವಾಗಿ ದಾವಣಗೆರೆಯ ಅಂಚಿನ ಆವರಗೆರೆ ಕಡೆಗೆ ಸಾಗಿಸಬೇಕೆಂದು ನಿರ್ಣಯವಾಗಿತ್ತು. ಎರಡು ವರ್ಷ ಮುಟ್ಟಿಯಾಗಿತ್ತು. ಈಗ ಅಧಿಕಾರಿಗಳೇ ಸುಳ್ಳು ಲೆಕ್ಕ ಹೇಳಿ ತಮ್ಮನ್ನು ಎಬ್ಬಿಸುತ್ತಿದ್ದಾರೆ ಎಂಬುದು ಜನರ ನಂಬಿಕೆ. ಪಂಚನಾಮೆಯ ಫೋಟೊ ತೋರಿಸಿದಾಗ ಒಬ್ಬ ಮುದುಕ, ಕೆರೆದವರೂ ನೀವೇ, ಬರೆದವರೂ ನೀವೇ ಎಂದ.

ಬಲವಂತ ಮಾಡಿದರೆ ಕಲ್ಲು ಬೀಳುತ್ತವೆಂದು ಮೀನಾಕ್ಷಿಗೆ ಗೊತ್ತಾಯಿತು. ಅಂಕಿ ಬರೆದವನನ್ನೇ ತಂದು ಇವರ ಮುಂದೆ ನಿಲ್ಲಿಸಬೇಕಿತ್ತು. ಗಂಟೆ 11.05.

ಘಾಟಿನ ಹತ್ತಿರ ಹೂವು ಮಾರುವ ಕೊಟ್ರವ್ವ ಅಂಕಿ ಬರೆಯುತ್ತಿದ್ದವನನ್ನು ನೋಡಿದ್ದಳು.

“ಕದ್ದು ಬರದಿಲ್ರಿ. ಹ್ವಾದ ತಿಂಗಳು ಹಾಡಹಗಲೇ ಎರಡು ದಿನ ಹಗ್ಗಕ್ಕ ಜೋತಾಡಿಕೊಂಡು ಬರದ. ನೀವಾ ಬರಸಾಕ ಹಚ್ಚೀರಿ ಅಂದ್ಕಂಡೆ.”

“ಯಾರು ಅಂತ ಗೊತ್ತಾ?”

“ಮಕಕ್ಕ ಟವೆಲ್ ಸುತ್ತಿದ್ದ. ಆದ್ರ ಅಚ್ಚು ಗಿಚ್ಚು ಇರಲಿಲ್ರಿ ಅವನತ್ರ. ಬರೀ ಕೈಲೆ ಬರದ.”

ಕೊರೆದ ಅಚ್ಚು ಇಟ್ಟು ಬಳಿಯದೆ ಕೈಬರಹದಲ್ಲೇ ಬರೆದದ್ದು ಎಂದಾಗ ಹೆಡ್ ಕಾನ್‌ಸ್ಟೆಬಲ್ ಮಾಲತೇಶಪ್ಪ ಪಂಚನಾಮೆಯ ಫೋಟೊದಲ್ಲಿ, ಕೆರೆಯುವ ಮೊದಲಿನ ‘೯’ ಅನ್ನು ಮತ್ತೊಮ್ಮೆ ದಿಟ್ಟಿಸಿದ. ಮೂವತ್ತು ವರ್ಷ ಹರಿಹರದ ಬೀದಿಗಳಲ್ಲಿ ಬೀಟು ತಿರುಗಿದವನು. ಆ ‘೯’ರ ಬಾಲ ಕೆಳಗಿಳಿದು ಸಣ್ಣಗೆ ಸುರುಳಿ ಸುತ್ತಿಕೊಂಡಿತ್ತು. ಇದನ್ನು ಎಲ್ಲೋ ನೋಡಿದ್ದೇನೆ ಎಂದವನು ಸ್ವಲ್ಪ ಹೊತ್ತಿಗೆ, ಹಿಟ್ಟಿನ ಗಿರಣಿ ಬೋರ್ಡು ಮೇಡಂ ಎಂದು ಜೀಪಿನ ಕಡೆ ಓಡಿದ.

ಗಿರಣಿಯ ಬೋರ್ಡಿನಲ್ಲಿ ಕನ್ನಡ ಅಂಕಿಯಲ್ಲಿ ಬರೆದ ಫೋನ್ ನಂಬರಿನ ಎರಡು ಒಂಬತ್ತುಗಳಿಗೂ ಅದೇ ಸುರುಳಿ. ಕೆಳಗಿನ ಮೂಲೆಯಲ್ಲಿ ಚಿಕ್ಕದಾಗಿ ‘ಗೋಣೆ ಆರ್ಟ್ಸ್’ ಎಂಬ ಸಹಿ. ಗೋಣೆಪ್ಪ ಹೊಳೆದಂಡೆ ಕಾಲೊನಿಯವನೇ, ವಯಸ್ಸು ಐವತ್ತೆಂಟು, ಕಂಬದ ಮೇಲಿನ ಮೊದಲ ಅಂಕಿಗಳನ್ನೂ ಮೂರು ವರ್ಷದ ಹಿಂದೆ ಅವನೇ ಬರೆದದ್ದು ಎಂದು ಗಿರಣಿಯವನು ಹೇಳಿದ. ಬೆಳಿಗ್ಗೆ ಏಳರ ಬಸ್ಸಿಗೆ ದಾವಣಗೆರೆಗೆ ಹೋದದ್ದನ್ನೂ ಅವನು ನೋಡಿದ್ದ. ವಿನೋಬನಗರದಲ್ಲಿ ಮಹೇಂದ್ರ ಎಂಬುವರ ಅಂಗಡಿಯ ಶಟರಿಗೆ ಹೆಸರು ಬರೆಯುವುದಿತ್ತಂತೆ.

ಮೀನಾಕ್ಷಿ ಅಂಜನಕುಮಾರನನ್ನು ಕಾಲೊನಿಯಲ್ಲೇ ಬಿಟ್ಟಳು. ಹದಿನೈದು ನಿಮಿಷಕ್ಕೊಮ್ಮೆ ನೀರಿನ ಮಟ್ಟ ತಿಳಿಸುತ್ತಿರಬೇಕೆಂದು ಅವನಿಗೆ ಹೇಳಿ ಮಾಲತೇಶಪ್ಪನೊಂದಿಗೆ ದಾವಣಗೆರೆಯ ಕಡೆ ಹೊರಟಳು. ದಾರಿಯಲ್ಲಿ ಎರಡು ಸಲ ಫೋನು ಬಂತು. ಎರಡು ಸಲವೂ ಹೊಳೆ ಏರಿತ್ತು.

ವಿನೋಬನಗರ ತಲುಪಿದಾಗ 12.40. ಇಕ್ಕಟ್ಟಿನ ರಸ್ತೆಯಲ್ಲಿ ಆಟೊಗಳ ಸಾಲು. ಜೀಪನ್ನು ತುದಿಯಲ್ಲೇ ಬಿಟ್ಟು ನಡೆದರು. ಅರ್ಧ ಎಳೆದ ಶಟರಿನ ಮುಂದೆ ಸ್ಟೂಲಿನ ಮೇಲೆ ನಿಂತು ಒಬ್ಬ ಬಡಕಲು ಮನುಷ್ಯ ಅಕ್ಷರ ತಿದ್ದುತ್ತಿದ್ದ. ಖಾಕಿ ನೋಡಿ ಓಡಲಿಲ್ಲ. ಸ್ಟೂಲಿನಿಂದ ಇಳಿದು ಕುಂಚ ಒರೆಸಿಕೊಂಡ.

“ಸೇತುವೆ ಕಂಬದ ಅಂಕಿ ಬರೆದೋರು ನೀವಾ?”

“ಹೌದ್ರಿ. ಮೂರು ವರ್ಷ ಆತು.”

“ಈ ಜೂನಿನಲ್ಲಿ?”

ಗೋಣೆಪ್ಪ ಕುಂಚವನ್ನು ಇನ್ನೊಮ್ಮೆ ಒರೆಸಿದ. “ಹೊಳೆ ಈಗ ಎಷ್ಟೈತ್ರಿ?” ಎಂದು ಕೇಳಿದ.

ಮೀನಾಕ್ಷಿ ಅಂಜನಕುಮಾರನ ಕೊನೆಯ ಸಂದೇಶ ನೋಡಿದಳು. “ಕಂಬದ ಮೇಲೆ ಎಂಟು ಪಾಯಿಂಟ್ ನಾಲ್ಕು.”

ಅವನ ತುಟಿ ಅಲುಗಿತು. ಒಂದು ಕೂಡಿಸಿಕೊಂಡನೆಂದು ಮಾಲತೇಶಪ್ಪನಿಗೂ ತಿಳಿಯಿತು. ಕುಂಚ ಕೈಯಿಂದ ಜಾರಿ ಕಟ್ಟೆಯ ಮೇಲೆ ಬಿತ್ತು.

“ಒಂಬತ್ತು ನಾಕು,” ಎಂದ ಗೋಣೆಪ್ಪ. “ನಮ್ಮನಿಯಾಕಿ ತಿಮ್ಮವ್ವ ಒಬ್ಬಾಕೆನೇ ಅದಾಳ್ರಿ ಮನಿಯಾಗೆ. ಆಕೀಗೆ ಕಣ್ಣು ಕಾಣಲ್ಲ.”

ಅವನೇ ಮುಂದಾಗಿ ಜೀಪಿನ ಕಡೆ ನಡೆದ. ದಾರಿಯುದ್ದಕ್ಕೂ ಮುಂದಿನ ಸೀಟಿನ ಹಿಂಬದಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತ. ಹೋದ ಎರಡು ವರ್ಷವೂ ಹೊಳೆ ಕೆಂಪು ಗೆರೆ ಮುಟ್ಟಿ ಅಲ್ಲೇ ನಿಂತಿತ್ತು, ಮನೆಯೊಳಗೆ ಬಂದಿರಲಿಲ್ಲ, ಈ ಸಲವೂ ಹಾಗೇ ಆಗುತ್ತದೆಂದುಕೊಂಡಿದ್ದೆ ಎಂದು ಮತ್ತೆ ಮತ್ತೆ ಹೇಳಿದ. ಮೀನಾಕ್ಷಿ ಗಡಿಯಾರ ನೋಡುತ್ತಿದ್ದಳು. ರೈಲ್ವೆ ಗೇಟು ಹಾಕಿದ್ದರಿಂದ ಒಂಬತ್ತು ನಿಮಿಷ ಹೋಯಿತು.

ಕಾಲೊನಿ ತಲುಪಿದಾಗ 1.50. ಕೆಳಗಿನ ಓಣಿಯ ಚರಂಡಿಗಳಲ್ಲಿ ನೀರು ಹಿಂದಕ್ಕೆ ಹರಿಯತೊಡಗಿತ್ತು. ಗೋಣೆಪ್ಪ ಮನೆಯ ಕಡೆ ಓಡಲು ಹೋದ. ಮೀನಾಕ್ಷಿ ಅವನ ತೋಳು ಹಿಡಿದು ನಿಲ್ಲಿಸಿ, ಅಂಜನಕುಮಾರನನ್ನು ಆ ಮನೆಗೆ ಕಳಿಸಿದಳು. ಆಟೊದವನ ಮೈಕನ್ನು ಗೋಣೆಪ್ಪನ ಕೈಗೆ ಕೊಟ್ಟಳು.

“ನನ್ನ ಮಾತು ಇವರು ಕೇಳಲ್ಲ. ನಿಮ್ಮದು ಕೇಳ್ತಾರೆ.”

ಅವನು ಮೈಕನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿಯ ಹತ್ತಿರ ತಂದ.

“ನಾನು ಬೋರ್ಡ್ ಬರಿಯೋ ಗೋಣೆಪ್ಪ. ಕಂಬದ ಮ್ಯಾಲಿನ ಅಂಕಿ ಸುಳ್ಳು. ಸರ್ಕಾರದೋರು ಬರಸಿಲ್ಲ, ನಾನಾ ಬರದೀನಿ. ಎಂಟು ಅಂತ ಕಾಣಾದು ಒಂಬತ್ತು ಐತಿ. ನಮ್ಮನಿಯಾಕೀನೂ ಕರಕಂಡು ಹೊಂಟಾರ. ನೀವೂ ಹೊರಡ್ರಿ. ಲಗೂ ಹೊರಡ್ರಿ.”

ಎಲ್ಲಿಂದಲೋ ಒಂದು ಚಪ್ಪಲಿ ಹಾರಿ ಬಂದು ಅವನ ಎದೆಗೆ ಬಡಿಯಿತು. ಅವನು ತಪ್ಪಿಸಿಕೊಳ್ಳದೆ ಅದೇ ಮಾತನ್ನು ಇನ್ನೊಮ್ಮೆ ಹೇಳಿದ. ಪೊಲೀಸರ ಜೊತೆ ವಾದಿಸಿದ್ದ ಮುದುಕನೇ ಮೊದಲು ಒಳಗೆ ಹೋಗಿ ಟ್ರಂಕು ಹೊತ್ತು ಹೊರಬಂದ. ಅದರ ಬೆನ್ನಿಗೇ ಬಾಗಿಲುಗಳು ಒಂದರ ಹಿಂದೊಂದು ಬಡಿದುಕೊಂಡವು. ಮಕ್ಕಳು ಕಂಕುಳಲ್ಲಿ, ಕುಕ್ಕರು ತಲೆಯ ಮೇಲೆ, ಕೋಳಿ ಬುಟ್ಟಿಯಲ್ಲಿ. ಸಿದ್ದೀಕಾ ಬಸ್ಸಿನ ಬಾಗಿಲಲ್ಲಿ ನಿಂತು ಮನೆಗಳ ಪಟ್ಟಿಗೆ ಗುರುತು ಹಾಕತೊಡಗಿದರು. ಮಾಲತೇಶಪ್ಪ ಒಂದು ಎಮ್ಮೆಯನ್ನೂ ಅದರ ಒಡತಿಯನ್ನೂ ಒಟ್ಟಿಗೇ ಎಳೆದುಕೊಂಡು ಬಂದ. ಗೋಣೆಪ್ಪ ಓಣಿಯಿಂದ ಓಣಿಗೆ ಆಟೊದಲ್ಲಿ ಹೋಗುತ್ತ ಹೇಳುತ್ತಲೇ ಇದ್ದ. ಕೊನೆಗೆ ಗಂಟಲು ಕಟ್ಟಿ ಬರೀ ಉಸಿರು ಬಂತು.

3.35ಕ್ಕೆ ಸಿದ್ದೀಕಾರ ಪಟ್ಟಿಯಲ್ಲಿ ಕೊನೆಯ ಮನೆಗೂ ಗುರುತು ಬಿತ್ತು. ಕೊನೆಯ ಬಸ್ಸು ಏರು ಹತ್ತುವಾಗ ಕೆಳಗಿನ ಓಣಿಯಲ್ಲಿ ಮೊಣಕಾಲುದ್ದ ನೀರು. 4.20ಕ್ಕೆ ಮೇಲಿನ ನೀರು ಬಂತು. ಸೇತುವೆಯ ಮೇಲಿದ್ದವರು ನೋಡನೋಡುತ್ತಿದ್ದಂತೆ ಕಂಬದ ಕೊಂಡಿ ಮುಳುಗಿತು, ಕಾಲೊನಿಯಲ್ಲಿ ಕಿಟಕಿಗಳ ತನಕ ಹೊಳೆ ನಿಂತಿತು. ಮೀನಾಕ್ಷಿ ಮತ್ತೊಮ್ಮೆ ಕೇಳಿದಳು. ನೂರಾ ನಲವತ್ತು ಮನೆ, ಐನೂರಾ ಎಂಬತ್ತೆರಡು ಜನ, ಎಲ್ಲರೂ ಬಂದಿದ್ದಾರೆ ಎಂದರು ಸಿದ್ದೀಕಾ. ಹೇಳುವಾಗ ಅವರ ಮುಖದಲ್ಲಿ ತಡೆಯಲಾರದ ನಗು.

ಸಂಜೆ 5.30ಕ್ಕೆ ಗೋಣೆಪ್ಪನ ಬಂಧನವನ್ನು ದಾಖಲಿಸಿ, ಓದಿ ಹೇಳಿ ಸಹಿ ಪಡೆದರು. ಅವನ ಹೇಳಿಕೆ ಒಂದೇ ಪುಟವಾಯಿತು. ತಿಮ್ಮವ್ವನಿಗೆ ಹದಿನೆಂಟು ವರ್ಷದಿಂದ ಕಣ್ಣಿಲ್ಲ. ಕಾಲೊನಿಯಲ್ಲಿ ಅವಳಿಗೆ ಕೋಲೂ ಬೇಡ. ನಲ್ಲಿಗೆ, ಅಂಗಡಿಗೆ, ಹೊಳೆಯ ಮೆಟ್ಟಿಲಿಗೆ ಒಬ್ಬಳೇ ಹೋಗಿ ಬರುತ್ತಾಳೆ. ಹೋದ ವರ್ಷ ಮುನ್ನೆಚ್ಚರಿಕೆಗೆಂದು ಎಲ್ಲರನ್ನೂ ಸಾಗಿಸಿದ್ದ ಪರಿಹಾರ ಕೇಂದ್ರದಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಳು. ಗೊತ್ತಿಲ್ಲದ ಊರಿನಲ್ಲಿ ಅವಳು ಮೂಲೆ ಹಿಡಿದು ಕೂರುತ್ತಾಳೆಂಬ ಭಯಕ್ಕೆ, ಮೂರನೇ ವರ್ಷ ಕೆಂಪು ಗೆರೆ ದಾಖಲಾಗಬಾರದೆಂದು ಅವನು ಅಂಕಿಗಳನ್ನು ಸರಿಸಿದ್ದ.

ಹೇಳಿಕೆ ಪಡೆಯಲು ಮೀನಾಕ್ಷಿ ಶಾಲೆಗೆ ಹೋದಾಗ ತಿಮ್ಮವ್ವ ಜಗಲಿಯ ಮೇಲೆ ಅವರಿವರ ಜೊತೆ ತಟ್ಟೆ ತೊಳೆಯುತ್ತಿದ್ದಳು. ಗಂಡನ ಬಂಧನದ ಕಾರಣವನ್ನು ಮೀನಾಕ್ಷಿ ಬಿಡಿಸಿ ಹೇಳಿದಳು. ಅವಳು ಕೈಯೊಳಗಿನ ತಟ್ಟೆ ಪೂರ್ತಿ ತೊಳೆದು ಕೆಳಗಿಟ್ಟಳು.

“ಹ್ವಾದ ವರ್ಷ ಯಾರೋ ದಾರಿಯಾಗ ಬಕೀಟು ಇಟ್ಟಿದ್ರು, ಬಿದ್ದೆ. ಕಣ್ಣಿದ್ದೋರೂ ಬೀಳ್ತಿದ್ರು,” ಎಂದಳು. “ಹೊಸ ಊರಾದ್ರೇನು, ಒಂದು ತಿಂಗಳಿನಾಗ ಕಲ್ತ್ಕಂಬಿಡ್ತಿದ್ದೆ. ನಮ್ಮನಿಯವರು ನನ್ನ ಒಂದು ಮಾತು ಕೇಳಲಿಲ್ರಿ.”

ಅವಳು ಹೇಳಿದ ಹಾಗೇ ಮೀನಾಕ್ಷಿ ಅದನ್ನು ಬರೆದುಕೊಂಡಳು.