ಬೆಣ್ಣೆಕೈಯವನ ಬೆಕ್ಕು

"ಎತ್ತಿಕೋ, ಮುದ್ದು ಮಾಡು, ಹಾಲು ಹಾಕು. ಅದರ ಗಾಯದ ಹಕ್ಕಳೆ ಮಾತ್ರ ಕೀಳಬೇಡ ಮಗಳೇ," ಎಂದು ಅತ್ತೆ ಹೇಳಿದ್ದು ಸೊಸೆ ಆ ಮನೆಗೆ ಬಂದ ಮೂರನೆಯ ದಿನ.

ಸೊಸೆಗೆ ನಗು ಉಕ್ಕಿ ಬಂತು. ಆಸ್ಪತ್ರೆಯ ಡ್ರೆಸಿಂಗ್ ರೂಮಿನಲ್ಲಿ ಆರು ವರ್ಷ ಕಂಡಕಂಡವರ ಗಾಯ ತೊಳೆದ ನರ್ಸು ಅವಳು. ಕೀವು, ಹುಳು, ಕೊಳೆತ ಬೆರಳು, ಯಾವುದಕ್ಕೂ ಮೂಗು ಮುಚ್ಚಿಕೊಂಡವಳಲ್ಲ.

"ಕಿತ್ರೆ ಏನಾಗತ್ತೆ ಅತ್ತೆ? ಬೆಕ್ಕು ಹೋಗಿ ರಾಜಕುಮಾರ ಆಗ್ಬಿಡತ್ತಾ?"

ಅತ್ತೆ ನಗಲಿಲ್ಲ. "ಅದು ಮುಚ್ಚಳ ಕಣಮ್ಮ," ಎಂದಷ್ಟೇ ಹೇಳಿ, ಆಗಲೇ ಬೆಳ್ಳಗಾಗಿದ್ದ ಪಾತ್ರೆಯನ್ನು ಮತ್ತೆ ಉಜ್ಜತೊಡಗಿದರು.

ಬೆಕ್ಕಿನ ಬಣ್ಣವೇ ಅದರ ಹೆಸರು, ಬೂದಿ. ಮೈಮೇಲೆ ಎಂಟು ಗಾಯ, ಎಂಟಕ್ಕೂ ತೊಗಟೆಯಂಥ ಕರಿ ಹಕ್ಕಳೆ. ಎಲ್ಲಕ್ಕಿಂತ ದೊಡ್ಡದು ಕುತ್ತಿಗೆಯ ಮೇಲೆ, ಹಗ್ಗ ಬಿಗಿದ ಹಾಗೆ. ಬೆಕ್ಕುಗಳ ಜಗಳದ ಗಾಯವೆಂದರೆ ಸಣ್ಣ ತೂತು, ಸುತ್ತ ಬಾವು. ಇವು ಹಾಗಿರಲಿಲ್ಲ. ಕಜ್ಜಿಯೂ ಅಲ್ಲ, ಚಿಗಟದ ಕಾಟವೂ ಅಲ್ಲ. ಅಂಚು ನೇರ, ಗೆರೆ ಎಳೆದು ಕೊಯ್ದಷ್ಟು ನೇರ. ಯಾರದೋ ಕೈ ಮಾಡಿದ ಕೆಲಸ. ಮನೆಯಲ್ಲಿ ಇರುವವರು ಮೂವರು. ತಾನು ಹೊಸಬಳು. ಗಂಡ ಬೂದಿಯನ್ನು ಎದೆಯ ಮೇಲೆ ಹಾಕಿಕೊಂಡೇ ಮಲಗುವವನು. ಇನ್ನು ಉಳಿದವರು ಯಾರು?

ಗಂಡ ಮರ ಕೊಯ್ಯುವ ಮಿಲ್ಲಿನಲ್ಲಿ ಗರಗಸದ ಎದುರು ನಿಲ್ಲುವವನು. ಅಲ್ಲಿ ಹತ್ತೂ ಬೆರಳು ಉಳಿಸಿಕೊಂಡಿದ್ದ ಗಂಡಸು ಅವನೊಬ್ಬನೇ. ಮೈಮೇಲೆ ಒಂದು ಗೀರಿಲ್ಲ. ಜೊತೆಯವರು ಅವನನ್ನು ಬೆಣ್ಣೆಕೈ ಎಂದೇ ಕರೆಯುತ್ತಿದ್ದರು. "ನಿನ್ನ ಗಂಡ ಮರ ಕೊಯ್ತಾನೋ, ಗರಗಸಕ್ಕೆ ತಲೆ ಬಾಚ್ತಾನೋ, ಒಂದ್ಸಲ ಕೇಳಿ ನೋಡಮ್ಮ," ಎಂದು ಅವಳ ಮುಂದೆಯೇ ರೇಗಿಸಿದ್ದರು. ಅವನೂ ನಕ್ಕಿದ್ದ. ತನ್ನ ದೆಸೆಯಿಂದ ಇರುವೆಗೂ ನೋವಾಗಬಾರದು ಎನ್ನುವ ಜೀವ ಅದು. ತನ್ನ ಪಾಲಿನ ಮೂಟೆಯನ್ನು ಇನ್ನೊಬ್ಬ ಹೊತ್ತರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ. ಅವನು ಉಂಡು ಒಳಕೋಣೆಯಲ್ಲಿ ಮಲಗಿದ್ದ. ಬಿಸಿಲಿಗೆಂದು ಕಿಟಕಿ ಮುಚ್ಚಿದ್ದರಿಂದ ಕೋಣೆಯೊಳಗೆ ಬಾವಿಯ ಕತ್ತಲೆ. ಅತ್ತೆ ಹಿಟ್ಟಿನ ಗಿರಣಿಗೆ ಹೋಗಿದ್ದರು. ಇದೇ ಸಮಯವೆಂದು ಸೊಸೆ ಅಡುಗೆಮನೆಯ ನೆಲದ ಮೇಲೆ ಟವೆಲು ಹಾಸಿದಳು. ಉಗುರುಬೆಚ್ಚಗಿನ ಉಪ್ಪುನೀರು, ಹತ್ತಿ, ಚಿಮಟ, ಹೊಸ ಬ್ಲೇಡು. ಕರೆದ ಕೂಡಲೇ ಬೂದಿ ಬಂದು ತೊಡೆಯೇರಿತು.

ಸುತ್ತಲಿನ ಕೂದಲು ತೆಗೆದಳು. ನೆನೆದ ಹತ್ತಿಯನ್ನು ಹಕ್ಕಳೆಯ ಮೇಲಿಟ್ಟು ಕಾದಳು. ಮೆದುವಾದ ಮೇಲೆ ಅಂಚು ಹಿಡಿದು ಎತ್ತಿದಳು. ಸಲೀಸಾಗಿ ಬಂತು. ಕೆಳಗೆ ಗಾಯವೇ ಇಲ್ಲ. ಎಳೆಮಗುವಿನ ಕೆನ್ನೆಯಂಥ ಚರ್ಮ.

"ಮುಚ್ಚಳವಂತೆ ಮುಚ್ಚಳ. ಕೇಳಿಸ್ಕೊಂಡ್ಯಾ ಬೂದಿ?"

ಎರಡು. ಮೂರು. ಬೆಕ್ಕು ಗುರುಗುರು ಎನ್ನುತ್ತ ಕಣ್ಣು ಮುಚ್ಚಿತು. ಐದನೆಯದನ್ನು ಎತ್ತುವಾಗ ಒಂದು ವಾಸನೆ ಬಂತು. ಕೀವಿನದಲ್ಲ. ಹಸಿ ಮರದ ಪುಡಿ, ಸುಟ್ಟ ಎಣ್ಣೆ, ಕಾದ ಕಬ್ಬಿಣ. ಗೂಟದಲ್ಲಿ ನೇತಾಡುತ್ತಿದ್ದ ಅವನ ಕೆಲಸದ ಅಂಗಿಯದಿರಬೇಕು ಎಂದುಕೊಂಡಳು. ಏಳು. ಇನ್ನು ಕುತ್ತಿಗೆಯದೊಂದು. ಅದರ ಅಂಚು ಉಗುರಿನಷ್ಟು ಎದ್ದಿತು.

ತಟ್.

ನಲ್ಲಿಯಿರಬೇಕು. ತಲೆಯೆತ್ತಿ ನೋಡಿದಳು. ನಲ್ಲಿ ಒಣಗಿತ್ತು.

ತಟ್. ತಟ್. ಸದ್ದು ಒಳಕೋಣೆಯಿಂದ. ನೀರಿಗಿಂತ ಮಂದವಾದ ಸದ್ದು.

ಕತ್ತಲೆಯಲ್ಲಿ ಕಾಲಿಟ್ಟಳು. ಅಂಗಾಲು ಬಿಸಿಯಾಗಿ ಜಾರಿತು. ದೀಪದ ಸ್ವಿಚ್ಚು ತಡವಿ ಒತ್ತಿದಳು.

ಮಂಚದಿಂದ ಅವನ ಎಡಗೈ ಕೆಳಗೆ ಇಳಿಬಿದ್ದಿತ್ತು. ಎರಡು ಬೆರಳು ಚರ್ಮದ ಎಳೆಯಲ್ಲಿ ಜೋತಾಡುತ್ತಿದ್ದವು. ಮುಂಗೈ ಮೂಳೆ ಕಾಣುವಷ್ಟು ಸೀಳಿತ್ತು. ಭುಜ. ಪಕ್ಕೆ. ತೊಡೆ. ಮೊಣಕಾಲು. ನೇರವಾದ ಅಂಚಿನ ಏಳು ಸೀಳು. ಅವನಿಗೆ ಎಚ್ಚರವಿರಲಿಲ್ಲ. ಗಂಟಲ ಮೇಲೆ ಉಗುರಿನಷ್ಟು ಉದ್ದದ ಒಂದು ಕೆಂಪು ಗೆರೆ ಆಗಷ್ಟೇ ಬಾಯಿ ತೆರೆಯುತ್ತಿತ್ತು.

ಹೊದಿಕೆ ಹರಿದು ಬಿಗಿದಳು. ಒತ್ತಿ ಹಿಡಿದಳು. ಗಾಯ ಏಳು, ಕೈ ಎರಡು. ಇಲ್ಲಿ ಒತ್ತಿದರೆ ಅಲ್ಲಿ ಚಿಮ್ಮಿತು. ಅವನ ತುಟಿ ಸುಣ್ಣದ ಬಣ್ಣಕ್ಕೆ ತಿರುಗಿತು.

ಬಾಗಿಲಲ್ಲಿ ಹಿಟ್ಟಿನ ಡಬ್ಬಿ ಬಿದ್ದ ಸದ್ದಾಯಿತು. ಅತ್ತೆ ಒಳಗೆ ಬಂದವರೇ ಸೊಸೆಯ ಕೆನ್ನೆಗೆ ಬಾರಿಸಿದರು.

"ಎಷ್ಟು ಕಿತ್ತೆ?"

"ಏಳು. ಅತ್ತೆ, ಏನಿದು?"

"ಇವನಪ್ಪ ಅದೇ ಗರಗಸಕ್ಕೆ ಸಿಕ್ಕಿ ಹೋದ್ರು. ಇವನೂ ಅಲ್ಲೇ ನಿಲ್ತೀನಿ ಅಂದ. ಮಾಟ ಮಾಡಿಸಿದೆ. ಇವನ ರಕ್ತ ಹಾಲಿಗೆ ಬೆರೆಸಿ ಬೂದಿಗೆ ಕುಡಿಸಿದೆ. ಇವನಿಗೆ ಬರೋದೆಲ್ಲ ಅದಕ್ಕೆ ಬರಲಿ ಅಂತ." ಮುದುಕಿಯ ಹಲ್ಲು ಕಟಕಟಿಸುತ್ತಿತ್ತು. "ಇವನಿಗೆ ಎಲ್ಲೆಲ್ಲಿದೆಯೋ ಅದಕ್ಕೂ ಅಲ್ಲಲ್ಲೇ ಕೊಯ್ಯಬೇಕು. ಕಿತ್ತ ಕೈಯೇ ಕೊಯ್ಯಬೇಕು. ಬೇಗ."

ಅವಳು ಬ್ಲೇಡು ತಂದಳು. ಬೂದಿಯನ್ನು ಹುಡುಕಬೇಕಾಗಲಿಲ್ಲ. ಕರೆದಳು, ಬಂತು. ಅವಳ ಮೊಣಕೈಗೆ ತಲೆ ಉಜ್ಜಿತು.

ಕೊಯ್ದಳು.

ಬೆಕ್ಕಿನ ಕಿರುಚು ಗೋಡೆಗೆ ಬಡಿಯಿತು. ಮಂಚದಿಂದ ಜೋತಿದ್ದ ಬೆರಳು ಮೇಲೆದ್ದು ಕೂಡಿಕೊಂಡಿತು. ಇನ್ನೊಂದು. ಬೆಕ್ಕು ಪರಚಿತು. ಅವಳ ಹುಬ್ಬು ಹರಿಯಿತು. ಕಣ್ಣಿಗೆ ರಕ್ತ ಇಳಿಯಿತು. ಕುರುಡಾಗಿ ಕೊಯ್ದಳು. ಮುಂಗೈ ಮುಚ್ಚಿತು. ಭುಜ ಮುಚ್ಚಿತು. ಬೆಕ್ಕಿನ ಕಾಲು ಹಿಡಿದಿದ್ದ ಅತ್ತೆ ಮುಖ ತಿರುಗಿಸಿ ಅಳುತ್ತಿದ್ದರು. ಐದು. ಆರು. ಏಳು. ಕುತ್ತಿಗೆಯ ಎದ್ದ ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ಅವನ ಗಂಟಲ ಗೆರೆ ಮಸುಕಾಯಿತು. ಹಕ್ಕಳೆ ಮಾತ್ರ ಮೊದಲಿನಂತೆ ಅಂಟಲಿಲ್ಲ.

"ಬೂದಿ?"

ಅವನು ಎದ್ದು ಕುಳಿತಿದ್ದ. ಮೈಮೇಲೆ ಒಂದು ಗೀರಿಲ್ಲ. ಹಾಸಿಗೆ ನೋಡಿದ. ಬ್ಲೇಡು ನೋಡಿದ. ಅವಳ ಮಡಿಲಿನಲ್ಲಿ ನಡುಗುತ್ತಿದ್ದುದನ್ನು ನೋಡಿದ.

"ನನ್ನ ಹಾಸಿಗೆ ಪಕ್ಕದಲ್ಲೇ," ಎಂದ. "ಮನುಷ್ಯಳಾ ನೀನು?"

ಅವಳು ಬಾಯಿ ತೆರೆದಳು. ಅತ್ತೆ ಮಣಿಕಟ್ಟು ಹಿಂಡಿ ಕಿವಿಯಲ್ಲಿ ಉಸುರಿದರು. "ಬೇಡ. ತಿಳಿದ್ರೆ ಉಳಿದದ್ದನ್ನೂ ಅವನೇ ಕಿತ್ತು ತನ್ನ ಮೇಲೆ ಹಾಕ್ಕೋತಾನೆ."

ಹಾಕಿಕೊಳ್ಳುತ್ತಾನೆ. ಅದು ಅವಳಿಗೂ ಗೊತ್ತಿತ್ತು.

"ಹೌದು," ಎಂದಳು. "ನಾನೇ ಮಾಡಿದ್ದು."

ಕೊಳೆತದ್ದೇನನ್ನೋ ತುಳಿದವನಂತೆ ಅವನು ಹಿಂದೆ ಸರಿದ. ಬೂದಿಯನ್ನು ಟವೆಲಿನಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡ.

"ಬೀದಿ ಕೊನೇಲಿ ಡಾಕ್ಟ್ರ ಮನೆ ಇದೆ. ತೊಳೆದು ಹೊಲಿಗೆ ಹಾಕ್ತಾರೆ. ನಾನು ಬರೋ ಹೊತ್ತಿಗೆ ನೀನಿಲ್ಲಿ ಇರಬಾರದು."

"ತೊಳೀಬೇಡಿ ರೀ. ಕುತ್ತಿಗೆ ಮುಟ್ಟಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ."

"ಇಷ್ಟು ಮಾಡಿದ್ದು ಸಾಲದಾ?" ಎಂದು ಹೊರಟೇಬಿಟ್ಟ.

ಬರಿಗಾಲಲ್ಲಿ ಹಿಂದೆ ಓಡಿದಳು. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಬೀದಿಯವರು ರಕ್ತ ಮೆತ್ತಿದ ಅವಳ ಕೈ ಕಂಡು ಬಾಗಿಲು ಹಾಕಿಕೊಂಡರು. ಅವನ ಹೆಗಲ ಮೇಲಿಂದ ಬೂದಿ ಅವಳನ್ನೇ ನೋಡುತ್ತಿತ್ತು. ಆಮೇಲೆ ಮುಖ ತಿರುಗಿಸಿತು. ಒಡೆಯನ ಮೈಯ ಬಿಸುಪಿಗೆ ನೆಮ್ಮದಿಯಾಗಿ ಕಣ್ಣು ಮುಚ್ಚಿ, ತುರಿಸುತ್ತಿದ್ದ ಕುತ್ತಿಗೆಯನ್ನು ಅವನ ದವಡೆಗೆ ಪ್ರೀತಿಯಿಂದ ಉಜ್ಜಿತು. ಒಂದು ಸಲ. ಇನ್ನೊಂದು ಸಲ.